ಅಂಗಳ ನೋಡಿ ಆಮೆ ತನ್ನಿ

ಪ್ರಶ್ನೆ: ನಮ್ಮದು ಸ್ವಂತ ಮನೆ, ಹಿತ್ತಲು 15 ಅಡಿಗೆ 20 ಅಡಿ. ಮಕ್ಕಳು ನೆಲದ ಆಮೆ ಬೇಕೆಂದು ಹಟ ಹಿಡಿದಿದ್ದಾರೆ. ಅಂಗಡಿಯವರು ಸುಲ್ಕಾಟಾ, ಲೆಪರ್ಡ್, ರೆಡ್‌ಫುಟ್ ಮೂರರ ಮರಿಗಳನ್ನೂ ತೋರಿಸಿ, ‘ಎಲ್ಲಾ ಒಂದೇ ರೀ, ಸೊಪ್ಪು ಹಾಕಿದ್ರ ಸಾಕು’ ಅಂದರು. ನಕ್ಷತ್ರ ಆಮೆಯನ್ನೂ ತರಿಸಿ ಕೊಡುತ್ತಾರಂತೆ. ಯಾವುದು ತರಬಹುದು?
— ಓದುಗರು, ರಾಯಚೂರು

ಉತ್ತರ: ನಕ್ಷತ್ರ ಆಮೆಯ ಮಾತನ್ನು ಮೊದಲು ಮುಗಿಸಿಬಿಡೋಣ. ಅದು ನಮ್ಮ ನೆಲದ ವನ್ಯಜೀವಿ. 1972ರ ವನ್ಯಜೀವಿ ಕಾಯ್ದೆಗೆ 2022ರಲ್ಲಿ ತಂದ ತಿದ್ದುಪಡಿಯಲ್ಲಿ ಅದನ್ನು ಅತಿ ಹೆಚ್ಚಿನ ರಕ್ಷಣೆಯ ಪಟ್ಟಿಯಾದ ಒಂದನೇ ಅನುಸೂಚಿಗೆ ಸೇರಿಸಿದ್ದಾರೆ. ಸಿಕ್ಕಿಬಿದ್ದರೆ ಕನಿಷ್ಠ 3 ವರ್ಷ ಜೈಲು, 25,000 ರೂಪಾಯಿಗೆ ಕಡಿಮೆಯಿಲ್ಲದ ದಂಡ. ‘ತರಿಸಿ ಕೊಡ್ತೀನಿ’ ಅನ್ನುವವರ ಅಂಗಡಿಯಿಂದ ಉಳಿದ ಮೂರನ್ನೂ ಕೊಳ್ಳದಿರುವುದೇ ವಾಸಿ.

ಆ ಮೂರೂ ಒಂದೇ ಅನ್ನುವುದು ಎಮ್ಮೆ, ಆಡು, ಕುರಿ ಒಂದೇ ಅಂದಂತೆ. ಸುಲ್ಕಾಟಾ ಸಹಾರಾ ಮರುಭೂಮಿಯ ದಕ್ಷಿಣದ ಅಂಚಿನದು. ರಾಯಚೂರಿನ ಬಿಸಿಲು ಅದಕ್ಕೆ ಹೊಸದಲ್ಲ, ಹಾಗಾಗಿ ಹವೆಯ ಮಟ್ಟಿಗೆ ಅದೇ ಸರಿಯಾದ ಆಯ್ಕೆ. ಆದರೆ ಇವತ್ತು ಅಂಗೈಯಲ್ಲಿ ಕೂರುವ ಮರಿ ಮುಂದೆ 40-50 ಕೆಜಿ ದಾಟುತ್ತದೆ. ನೆಲ ಅಗೆದು ಆಳವಾದ ಬಿಲ ತೋಡುವುದು ಅದರ ಹುಟ್ಟುಗುಣ. ನಿಮ್ಮ ಹಿತ್ತಲಲ್ಲಿ ಅದು ಅಗೆಯುವುದು ಕಾಂಪೌಂಡಿನ ಪಾಯವನ್ನೇ. ಕಾಲು ಎಕರೆ ತೋಟ, 2 ಅಡಿ ಆಳದಿಂದ ಎಬ್ಬಿಸಿದ ಗೋಡೆ, ನಿಮ್ಮ ನಂತರ ನೋಡಿಕೊಳ್ಳಲು ಮಕ್ಕಳು, ಈ ಮೂರೂ ಇದ್ದವರು ಮಾತ್ರ ತರಲಿ.

ರೆಡ್‌ಫುಟ್ ಗಾತ್ರದಲ್ಲಿ ಹಿಡಿತಕ್ಕೆ ಸಿಗುತ್ತದೆ, ಬೆಳೆದರೂ ಒಂದಡಿ ಚಿಲ್ಲರೆ. ನೋಡಲೂ ಮೂರರಲ್ಲಿ ಅದೇ ಚಂದ. ತೊಂದರೆಯೆಂದರೆ ಅದು ದಕ್ಷಿಣ ಅಮೆರಿಕದ ತಂಪು ನೆರಳಿನ ಪ್ರಾಣಿ. ಗಾಳಿಯಲ್ಲಿ ಶೇ 60-80 ತೇವ ಬೇಕು. ಏಪ್ರಿಲ್‌ನಲ್ಲಿ ಮಧ್ಯಾಹ್ನ ಒಣಹಾಕಿದ ಬಟ್ಟೆ ಅರ್ಧ ಗಂಟೆಗೆ ಗರಿಗರಿಯಾಗುವ ಊರಲ್ಲಿ ಅಷ್ಟು ತೇವವನ್ನು ಎಲ್ಲಿಂದ ತರುತ್ತೀರಿ? ಕೂಲರ್ ಇಟ್ಟು ದಿನಕ್ಕೆ ಮೂರು ಸಲ ನೀರು ಚಿಮುಕಿಸುವವರು ಸಾಕಬಹುದು, ಆದರೆ ಕರೆಂಟು ಹೋದ ದಿನ ಪ್ರಾಣಿ ಸೊರಗುತ್ತದೆ.

ನಿಮ್ಮ ಜಾಗಕ್ಕೆ ಲೆಪರ್ಡ್ ಸರಿ. ಹುಲ್ಲುಗಾವಲಿನ ಆಮೆ, ಬಿಲ ತೋಡುವುದಿಲ್ಲ, ದೊಡ್ಡದಾದರೆ ಸುಮಾರು 40 ಸೆಂ.ಮೀ. ಉದ್ದ, 13 ಕೆಜಿ ಆಸುಪಾಸು. ಒಂದೇ ತನ್ನಿ. ಎರಡಿದ್ದರೆ ಬಲವಾದದ್ದು ಇನ್ನೊಂದನ್ನು ಮೇವಿನ ಹತ್ತಿರ ಬಿಡುವುದಿಲ್ಲ. ಚಳಿಯ ತೇವ ಇದಕ್ಕೆ ಆಗದು. ಮೂಗಿನಲ್ಲಿ ಗುಳ್ಳೆ ಬಂದರೆ, ಬಾಯಿ ತೆರೆದು ಉಸಿರಾಡಿದರೆ ಅದೇ ದಿನ ಪಶುವೈದ್ಯರಿಗೆ ತೋರಿಸಿ.

ಹಿತ್ತಲಿಗೆ ಒಂದೂವರೆ ಅಡಿ ಎತ್ತರದ ಗೋಡೆ ಸಾಕು, ಅದು ಇಟ್ಟಿಗೆಯದೇ ಆಗಿರಲಿ. ಜಾಲರಿಯಾದರೆ ಆಚೆ ಕಾಣುತ್ತದೆಂದು ಇಡೀ ದಿನ ಮೂತಿ ತಿಕ್ಕುತ್ತಾ ಅಲ್ಲೇ ಸುತ್ತುತ್ತದೆ. ನೆಲಕ್ಕೆ ಎರೆ ಮಣ್ಣು ಬೇಡ; ಮಳೆಗೆ ಕಾಲಿಗೆ ಅಂಟುತ್ತದೆ, ಬಿಸಿಲಿಗೆ ಬಿರುಕು ಬಿಡುತ್ತದೆ. ಒಂದು ಟ್ರ್ಯಾಕ್ಟರ್ ಮಸಾರಿ ಹಾಕಿಸಿ. ಅರ್ಧ ಜಾಗಕ್ಕೆ ನೆರಳಿರಬೇಕು. ಹಳೆಯ ಹರವಿಯೊಂದನ್ನು ಅಡ್ಡ ಮಲಗಿಸಿ ಅರ್ಧ ಹೂತು, ಮೇಲೆ ಮಣ್ಣು ಮುಚ್ಚಿ ನೀರು ಹನಿಸಿದರೆ ಮೇ ತಿಂಗಳಲ್ಲೂ ಒಳಗೆ ತಂಪು. 40 ಡಿಗ್ರಿ ಬಿಸಿಲಲ್ಲಿ ನೆರಳು ಸಿಗದ ಆಮೆ ಸಂಜೆಯ ತನಕ ಬದುಕುವುದಿಲ್ಲ. ತಾರಸಿಯ ಮೇಲೆ ಸಾಕುವ ಯೋಚನೆಯೇ ಬೇಡ, ಅದು ರೊಟ್ಟಿ ಹಂಚು.

ಕಾಗದಪತ್ರ: ಈ ವಿದೇಶಿ ಜಾತಿಗಳನ್ನು 2024ರ ನಿಯಮಗಳ ಪ್ರಕಾರ ಕೈಗೆ ಬಂದ 30 ದಿನದೊಳಗೆ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ಮಾರುವವರ ಹೆಸರಿನಲ್ಲಿ ನೋಂದಣಿ ಇದೆಯೇ ಎಂದು ದುಡ್ಡು ಕೊಡುವ ಮುಂಚೆ ಕೇಳಿ.

ಪ್ರಶ್ನೆ: ಐದು ತಿಂಗಳ ಸುಲ್ಕಾಟಾ ಮರಿಯ ಚಿಪ್ಪಿನ ಮೇಲೆ ಗುಡ್ಡ ಗುಡ್ಡವಾಗಿ ಉಬ್ಬು ಬಂದಿದೆ. ಟೊಮೆಟೊ, ಸೌತೆಕಾಯಿ, ಮೊಸರನ್ನ ಹಾಕುತ್ತೇವೆ. ಕಿಟಕಿಯ ಬಿಸಿಲಿಗೆ ಇಟ್ಟಿದ್ದೇವೆ.
— ಓದುಗರು, ಗಂಗಾವತಿ

ಉತ್ತರ: ಇದಕ್ಕೆ ಪಿರಮಿಡಿಂಗ್ ಎನ್ನುತ್ತಾರೆ. ಹೆಚ್ಚಿನವರು ಮೇವಿನ ಪ್ರೋಟೀನನ್ನು ದೂರುತ್ತಾರೆ. ಆದರೆ 2003ರಲ್ಲಿ ಸುಲ್ಕಾಟಾ ಮರಿಗಳ ಮೇಲೆ ನಡೆದ ಅಧ್ಯಯನದಲ್ಲಿ ಪ್ರೋಟೀನಿಗಿಂತ ಒಣಗಾಳಿಯ ಪಾತ್ರವೇ ದೊಡ್ಡದೆಂದು ಕಂಡಿತು. ಮರುಭೂಮಿಯ ಆಮೆಗೆ ತೇವ ಯಾಕೆ ಅನ್ನಿಸಬಹುದು. ಅಲ್ಲಿ ಮರಿಗಳು ದಿನದ ಬಹುಪಾಲು ಬಿಲದೊಳಗಿನ ಹಸಿಯಲ್ಲಿರುತ್ತವೆ.

3 ಅಡಿಗೆ 4 ಅಡಿ ಪೆಟ್ಟಿಗೆಯಲ್ಲಿ ನಾಲ್ಕು ಇಂಚು ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಹರಡಿ. ಹಿಡಿ ಹಿಂಡಿದರೆ ಉಂಡೆ ಕಟ್ಟಬೇಕು, ನೀರು ತೊಟ್ಟಿಕ್ಕಬಾರದು. ಬೆಳಗ್ಗೆ ಉಗುರುಬೆಚ್ಚಗಿನ ನೀರಿನಲ್ಲಿ, ಗದ್ದದ ಮಟ್ಟ ಮೀರದಂತೆ, 15-20 ನಿಮಿಷ ಕೂರಿಸಿ. ಡಿಸೆಂಬರ್ ರಾತ್ರಿ ಒಳಗೇ ಇರಲಿ. ಕಿಟಕಿಯ ಗಾಜು ಚಿಪ್ಪು ಗಟ್ಟಿಯಾಗಲು ಬೇಕಾದ ಯುವಿಬಿ ಕಿರಣವನ್ನು ತಡೆಯುತ್ತದೆ, ಹಾಗಾಗಿ ಆ ಬಿಸಿಲಿನಿಂದ ಶಾಖವಷ್ಟೇ ಸಿಗುತ್ತದೆ. ಬೆಳಗ್ಗೆ ಎಂಟರೊಳಗೆ ಅರ್ಧ ಗಂಟೆ ಹೊರಗೆ ಬಿಡಿ, ಕಾಗೆ, ಬೆಕ್ಕು ಬರದಂತೆ ಮೇಲೆ ಜಾಲರಿ ಹಾಕಿ.

ಮೊಸರನ್ನ ಇವತ್ತೇ ನಿಲ್ಲಿಸಿ. ಗರಿಕೆ, ದಾಸವಾಳದ ಎಲೆ-ಹೂವು, ಮುಳ್ಳು ಸುಟ್ಟ ಪಾಪಾಸುಕಳ್ಳಿ ಕೊಡಿ. ವಾರಕ್ಕೆರಡು ಸಲ ಸಮುದ್ರದ ನೊರೆಯನ್ನು (ಕಟಲ್ ಮೀನಿನ ಒಳಮೂಳೆ) ಕೆರೆದು ಮೇಲೆ ಉದುರಿಸಿ, ಹಕ್ಕಿ ಮಾರುವ ಅಂಗಡಿಗಳಲ್ಲಿ ಸಿಗುತ್ತದೆ. ಎರಡು ಎಚ್ಚರಿಕೆ. ಗದ್ದೆ ಬದುವಿನ ಹುಲ್ಲು ತರಬೇಡಿ, ಭತ್ತಕ್ಕೆ ಹೊಡೆದ ಔಷಧಿ ಅದರ ಮೇಲೂ ಬಿದ್ದಿರುತ್ತದೆ. ಎಳೆ ಜೋಳದ ಗರಿಯೂ ಬೇಡ, ಅದರಲ್ಲಿ ಸಯನೈಡ್ ವಿಷ ಇರುವುದು ದನ ಕಟ್ಟಿದವರಿಗೆಲ್ಲ ಗೊತ್ತು. ಈಗಿರುವ ಉಬ್ಬು ಇಳಿಯದು. ಹೊಸದಾಗಿ ಬೆಳೆಯುವ ಚಿಪ್ಪು ನುಣುಪಾಗಿ ಬಂದರೆ ದಾರಿ ಸರಿಯಿದೆ.

ಪ್ರಶ್ನೆ: ಶೇಂಗಾ ಹೊಲದಲ್ಲಿ ಬೆನ್ನ ಮೇಲೆ ಹಳದಿ ಗೆರೆಗಳ ಆಮೆ ಸಿಕ್ಕಿದೆ. ಬಾವಿಗೆ ಬಿಟ್ಟರೆ ನೀರು ಶುದ್ಧವಾಗುತ್ತದೆ, ಮನೆಗೂ ಒಳ್ಳೆಯದು ಅನ್ನುತ್ತಾರೆ. ಬಿಡಬಹುದೇ?
— ಓದುಗರು, ಸಂಡೂರು

ಉತ್ತರ: ಬೇಡ. ಅದು ನಕ್ಷತ್ರ ಆಮೆ. ದರೋಜಿ ಕರಡಿಧಾಮದ ಕುರುಚಲು ಕಾಡಿನಲ್ಲೂ ಇದೆ. ಕನ್ನಡದಲ್ಲಿ ನೀರಿನದಕ್ಕೂ ನೆಲದ್ದಕ್ಕೂ ಆಮೆ ಎಂಬ ಒಂದೇ ಹೆಸರಿರುವುದರಿಂದ ಈ ತಪ್ಪು ಆಗುತ್ತದೆ. ನೆಲದ ಆಮೆಗೆ ಈಜು ಬಾರದು, ಬಾವಿಗೆ ಹಾಕಿದರೆ ಮುಳುಗಿ ಸಾಯುತ್ತದೆ. ಗಾಯವಿಲ್ಲದಿದ್ದರೆ ಸಿಕ್ಕ ಹೊಲದ ಬದುವಿನಲ್ಲೇ ಪೊದೆಯ ನೆರಳಿಗೆ ಬಿಡಿ. ನೇಗಿಲು ತಾಗಿ ಚಿಪ್ಪು ಒಡೆದಿದ್ದರೆ ಸ್ವಚ್ಛ ಬಟ್ಟೆ ಸುತ್ತಿ, ಗಾಳಿಯಾಡುವ ರಟ್ಟಿನ ಡಬ್ಬಿಯಲ್ಲಿಟ್ಟು ಅರಣ್ಯ ಇಲಾಖೆಯ 1926ಕ್ಕೆ ಕರೆ ಮಾಡಿ. ಅರಿಶಿನ ಮೆತ್ತಬೇಡಿ, ವೈದ್ಯರಿಗೆ ಬಿರುಕು ಕಾಣದಂತಾಗುತ್ತದೆ.