ಮ್ಯಾಟ್ ಬಣ್ಣದ ಮೇಲೆ ನೇರವಾಗಿ ಡೀಕಲ್ ಹಾಕಬೇಡಿ ಸರ್

ಸರ್, ನಿಮ್ಮ ಮಿಗ್-21 ಯುದ್ಧವಿಮಾನದ ಪ್ಲಾಸ್ಟಿಕ್ ಮಾಡೆಲ್ ಫೋಟೋ ನೋಡಿದೆ. ಕಾಲೇಜು ದಿನಗಳಲ್ಲಿ ಕೈಬಿಟ್ಟಿದ್ದ ಹವ್ಯಾಸಕ್ಕೆ ಈಗ ವಾಪಸ್ ಬಂದಿದ್ದೀರಿ, ಎಡುವಾರ್ಡ್‌ನ 1/48 ಅಳತೆಯ (ಅಸಲಿನ 48ನೇ ಒಂದು ಪಾಲು) ಕಿಟ್ ಕಟ್ಟಿದ್ದೀರಿ. ರೆಕ್ಕೆ ಮೇಲಿನ ರೌಂಡೆಲ್ (ವಾಯುಪಡೆಯ ದುಂಡು ಗುರುತು) ಸುತ್ತ ಬೆಳ್ಳಗೆ ಹೊಳೆಯುತ್ತಿದೆ, ಡೀಕಲ್ (ನೀರಲ್ಲಿ ನೆನೆಸಿ ಅಂಟಿಸುವ ತೆಳು ಚಿತ್ರ) ಮೆತ್ತಗೆ ಮಾಡುವ ಇನ್ನೂ ಸ್ಟ್ರಾಂಗ್ ಆದ ಸಾಫ್ಟ್‌ನರ್ ಯಾವುದು ತರಿಸಲಿ ಅಂತ ಕೇಳಿದ್ದೀರಿ. ನಾಲ್ಕು ಜನ ಆಗಲೇ ನಾಲ್ಕು ಬಾಟಲಿ ಹೆಸರು ಹೇಳಿದ್ದಾರೆ. ದಯವಿಟ್ಟು ಯಾವುದನ್ನೂ ಆರ್ಡರ್ ಮಾಡಬೇಡಿ. ನಿಮ್ಮ ಹತ್ತಿರ ಇರುವ ಮೈಕ್ರೋ ಸೋಲ್ ಸಾಫ್ಟ್‌ನರ್ರೇ ಸಾಕು.

ತೊಂದರೆ ಇರುವುದು ಕೆಳಗಿನ ಬಣ್ಣದಲ್ಲಿ. ತಮಿಯಾ ಎಕ್ಸ್‌ಎಫ್ ಸಾಲಿನ ಬೂದು ಬಣ್ಣ ಹೊಡೆದು, ಒಣಗಿದ ಕೂಡಲೇ ಡೀಕಲ್ ಕೂರಿಸಿದ್ದೀರಿ. ಎಕ್ಸ್‌ಎಫ್ ಅಂದರೆ ಫ್ಲ್ಯಾಟ್, ಹೊಳಪಿಲ್ಲದ ಮ್ಯಾಟ್ ಬಣ್ಣ. ಕೈಯಾಡಿಸಿದರೆ ನುಣುಪು ಅನ್ನಿಸಬಹುದು, ಆದರೆ ಬಣ್ಣ ಮ್ಯಾಟ್ ಆಗಿ ಕಾಣುವುದೇ ಮೇಲ್ಮೈ ಒರಟಾಗಿರುವುದರಿಂದ. ರವೆ ಹರಡಿ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿದ ಹಾಗೆ, ಡೀಕಲ್‌ನ ತೆಳು ಪೊರೆ ಉಬ್ಬುಗಳ ಮೇಲಷ್ಟೇ ಕೂರುತ್ತದೆ. ತಗ್ಗಿನಲ್ಲಿ ಗಾಳಿ ಸಿಕ್ಕಿಕೊಳ್ಳುತ್ತದೆ. ಬೆಳಕು ಬಿದ್ದಾಗ ಬೆಳ್ಳಿ ಥರ ಕಾಣುವುದು ಆ ಗಾಳಿಯೇ. ಸಾಫ್ಟ್‌ನರ್ ಪೊರೆಯನ್ನು ಮೆತ್ತಗೆ ಮಾಡುತ್ತದೆ, ಕೆಳಗಿನ ನೆಲವನ್ನು ಸಮ ಮಾಡುವುದಿಲ್ಲ. ಜಾಸ್ತಿ ಸ್ಟ್ರಾಂಗ್ ತಂದರೆ ಡೀಕಲ್ ಸುಕ್ಕುಗಟ್ಟಿ ಹರಿಯಬಹುದು, ಅಷ್ಟೇ ಲಾಭ. ನನ್ನ ಮೊದಲ ಮಿಗ್‌ನ ರೆಕ್ಕೆಯೂ ಹೀಗೇ ಇದೆ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಈಗ ಹಾಕಿರುವುದನ್ನು ಉಳಿಸುವ ದಾರಿ ಇದು. ಹೊಸ ಸೂಜಿ ತೆಗೆದುಕೊಳ್ಳಿ, ಬಟ್ಟೆ ಹೊಲಿದು ಮೊಂಡಾದದ್ದು ಬೇಡ. ಹೊಳೆಯುವ ಜಾಗದಲ್ಲಿ ಮಾತ್ರ ಹತ್ತಿರ ಹತ್ತಿರ ಚುಚ್ಚಿ. ಪ್ಯಾನೆಲ್ ಲೈನ್ (ಮಾಡೆಲ್ ಮೈಮೇಲಿನ ತಗ್ಗು ಗೆರೆ) ಮೇಲೆ ಡೀಕಲ್ ಹೋಗಿರುವ ಕಡೆ ಹೊಸ ಬ್ಲೇಡಿನಿಂದ ಗೆರೆಗುಂಟ ಮೆಲ್ಲಗೆ ಸೀಳಿ. ಅದರ ಮೇಲೆ ಬ್ರಷ್‌ನಿಂದ ಸೋಲ್ ಒಂದು ಹನಿ. ತೂತಿನಿಂದ ದ್ರಾವಣ ಕೆಳಗೆ ಇಳಿಯುತ್ತದೆ, ಗಾಳಿ ಹೊರಗೆ ಬರುತ್ತದೆ. ಪೊರೆ ಮುದುಡಿಕೊಂಡು ನಿಮ್ಮ ಎದೆ ಝಲ್ ಅನ್ನುತ್ತದೆ. ಮುಟ್ಟಬೇಡಿ. ಒತ್ತಬೇಡಿ. ಫೋನ್ ಹಿಡಿದುಕೊಂಡು ಬೇರೆ ರೂಮಿಗೆ ಹೋಗಿ. ಒಣಗಿದ ಮೇಲೆ ತಾನಾಗಿ ಬಿಗಿಯುತ್ತದೆ. ಪೂರ್ತಿ ಹೋಗದಿದ್ದರೆ ಮಾರನೇ ದಿನ ಮತ್ತೆ ಅದೇ ಕೆಲಸ. ಸಣ್ಣ ಸ್ಟೆನ್ಸಿಲ್‌ಗಳು (ಸೂಚನೆ ಬರಹದ ಪುಟ್ಟ ಡೀಕಲ್‌ಗಳು) ಹೀಗೆ ಸರಿಹೋಗುತ್ತವೆ. ದೊಡ್ಡ ರೌಂಡೆಲ್ ಪೂರ್ತಿ ಮಾಯುತ್ತದೆ ಅಂತ ಮಾತು ಕೊಡಲಾರೆ.

ಅದು ಸರಿಹೋಗದಿದ್ದರೆ ಟೇಪ್ ಹಚ್ಚಿ ಕಿತ್ತುಬಿಡಿ, ಅಲ್ಲಿ ಬಣ್ಣದಲ್ಲೇ ಬರೆಯಿರಿ. ನಮ್ಮ ವಾಯುಪಡೆಯ ರೌಂಡೆಲ್ ಅಂದರೆ ಮೂರು ವೃತ್ತ, ಹೊರಗೆ ಕೇಸರಿ, ನಡುವೆ ಬಿಳಿ, ಒಳಗೆ ಹಸಿರು. ಸರ್ಕಲ್ ಕಟರ್ ಇದ್ದರೆ ತಮಿಯಾ ಹಳದಿ ಟೇಪಿನಲ್ಲಿ ಮಾಸ್ಕ್ ಕತ್ತರಿಸುವುದು ಕಷ್ಟವಲ್ಲ. ಕೇಸರಿಗೆ ಆರೆಂಜನ್ನು ಬಾಟಲಿಯಿಂದ ಹಾಗೇ ಬಳಿಯಬೇಡಿ, ಸ್ವಲ್ಪ ಹಳದಿ ಬೆರೆಸಿ. ಹಸಿರು-ಕಂದು ಕ್ಯಾಮೊಫ್ಲಾಜ್ ಮೇಲೆ ಡೀಕಲ್ಲೇ ಹಾಕುವವರು, ಅದು ತೆಳುವಾಗಿದ್ದರೆ ಬಿಳಿ ಉಂಗುರದೊಳಗೆ ಕೆಳಗಿನ ಬಣ್ಣ ಇಣುಕುತ್ತದೆ ಅನ್ನುವುದು ನೆನಪಿರಲಿ. ಕೆಳಗೆ ಮೊದಲೇ ಒಂದು ಬಿಳಿ ಬೊಟ್ಟು ಹೊಡೆದುಕೊಳ್ಳಿ.

ಇನ್ನು ಮುಂದಿನ ಕಿಟ್‌ಗೆ. ಬಣ್ಣ ಆದ ಮೇಲೆ, ಡೀಕಲ್‌ಗೆ ಮೊದಲು, ಆ ಒರಟು ಮುಚ್ಚಲು ಗ್ಲಾಸಿ, ಅಂದರೆ ಹೊಳಪಿನ ಪಾರದರ್ಶಕ ಕೋಟ್ ಕಡ್ಡಾಯ. ನಾನು ಮಾಡುವುದು ತಮಿಯಾ ಎಕ್ಸ್-22 ಕ್ಲಿಯರ್, ಅದನ್ನು ತೆಳುವಾಗಿಸಲು ಮಿಸ್ಟರ್ ಲೆವೆಲಿಂಗ್ ಥಿನ್ನರ್. ಒಂದು ಪಾಲು ಕ್ಲಿಯರ್‌ಗೆ ಒಂದೂವರೆಯಿಂದ ಎರಡು ಪಾಲು ಥಿನ್ನರ್. ಬೇರೆ ಕಂಪನಿಯ ಬಾಟಲಿ ಬೆರೆಸಬಹುದಾ ಅಂತ ಕೇಳುತ್ತೀರಿ. ಈ ಜೋಡಿ ಬೆರೆಯುತ್ತದೆ, ತಮಿಯಾದ್ದೇ ಎಕ್ಸ್-20ಎ ಥಿನ್ನರ್ ಹಾಕಿದ್ದಕ್ಕಿಂತ ನುಣುಪಾಗಿ ಹರಡಿಕೊಳ್ಳುತ್ತದೆ. ಹಾಗಂತ ಇದೇ ಥಿನ್ನರನ್ನು ವಲ್ಲೆಹೋ ಕಂಪನಿಯ ವಾಟರ್ ಬೇಸ್ ಬಣ್ಣಕ್ಕೆ ಹಾಕಬೇಡಿ, ಗಂಟುಗಂಟಾಗಿ ಏರ್‌ಬ್ರಷ್ (ಗಾಳಿಯಿಂದ ಬಣ್ಣ ಚಿಮ್ಮಿಸುವ ಪುಟ್ಟ ಗನ್) ಕಟ್ಟಿಕೊಳ್ಳುತ್ತದೆ. ಏರ್‌ಬ್ರಷ್‌ನ ಗಾಳಿ ಒತ್ತಡ 15 ಪಿಎಸ್‌ಐ ಆಸುಪಾಸು. ಮೊದಲೆರಡು ಸಲ ದೂರದಿಂದ ಮಂಜಿನ ಹಾಗೆ, ಹತ್ತೇ ಹತ್ತು ನಿಮಿಷ ಬಿಡುವು ಕೊಟ್ಟು. ಕೊನೆಯದು ಮಾತ್ರ ಹತ್ತಿರದಿಂದ, ಒದ್ದೆಯಾಗಿ ಹೊಳೆಯುವಷ್ಟು. ಮೊದಲ ಸಲವೇ ಒದ್ದೆ ಮಾಡಿದರೆ ಲೆವೆಲಿಂಗ್ ಥಿನ್ನರ್ ಕೆಳಗಿನ ಅಕ್ರಿಲಿಕ್ ಬಣ್ಣವನ್ನೇ ಕಚ್ಚುತ್ತದೆ. ಆಮೇಲೆ ಎರಡು ದಿನ ಮಾಡೆಲ್ ಮೇಲೆ ಡಬ್ಬ ಮುಚ್ಚಿಡಿ, ದೂಳು ಕೂರಬಾರದು. ಬೆರಳಿನ ಗುರುತು ಬೀಳುತ್ತದಾ ಅಂತ ರೆಕ್ಕೆ ಮೇಲೆ ಒತ್ತಿ ನೋಡುವ ಚಪಲ ಎಲ್ಲರಿಗೂ ಇರುತ್ತದೆ. ಪರೀಕ್ಷೆ ಮಾಡಬೇಕಿದ್ದರೆ ಸ್ಪ್ರೂ (ಕಿಟ್‌ನ ಭಾಗಗಳನ್ನು ಹಿಡಿದಿರುವ ಪ್ಲಾಸ್ಟಿಕ್ ಕಡ್ಡಿ) ತುಂಡಿಗೂ ಅದೇ ಕೋಟ್ ಹೊಡೆದಿಟ್ಟುಕೊಂಡು ಅದನ್ನು ಒತ್ತಿ.

ಆ ನುಣುಪಿನ ಮೇಲೆ ಮೈಕ್ರೋ ಸೆಟ್ ದ್ರಾವಣ ಒಂದು ಪದರ, ಅದರ ಮೇಲೆ ಡೀಕಲ್ ಜಾರಿಸಿ, ಹತ್ತಿ ಕಡ್ಡಿಯನ್ನು ನಡುವಿನಿಂದ ಹೊರಕ್ಕೆ ಉರುಳಿಸಿ, ಕೊನೆಗೆ ಸೋಲ್. ನೀಲಿ ಲೇಬಲ್ ಸೆಟ್, ಕೆಂಪು ಲೇಬಲ್ ಸೋಲ್, ಅದಲು ಬದಲು ಬೇಡ. ಎಡುವಾರ್ಡ್‌ನ ಈಚಿನ ಡೀಕಲ್‌ಗಳಲ್ಲಿ ಮೇಲಿನ ಪೊರೆಯನ್ನೇ ಒಣಗಿದ ಮೇಲೆ ಸುಲಿದು ತೆಗೆಯಬಹುದು, ಅದು ಬೇರೆ ಆಟ. ಅದನ್ನು ರೆಕ್ಕೆಯ ಅಡಿಭಾಗದ ಸ್ಟೆನ್ಸಿಲ್‌ನಲ್ಲಿ ಕಲಿತುಕೊಳ್ಳಿ. ಮಿಗ್‌ನಲ್ಲಿ ಸ್ಟೆನ್ಸಿಲ್‌ಗೆ ಬರವಿಲ್ಲ. ಒಂದೇ ರಾತ್ರಿ ಎಲ್ಲ ಮುಗಿಸುತ್ತೇನೆ ಅಂತ ಕೂರಬೇಡಿ, ಒಂದು ದಿನಕ್ಕೆ ಒಂದು ಬದಿ ಸಾಕು.

ಏರ್‌ಬ್ರಷ್ ಇಲ್ಲದವರು ವಲ್ಲೆಹೋ ಗ್ಲಾಸ್ ವಾರ್ನಿಷನ್ನು ಅಗಲವಾದ ಮೆತ್ತನೆ ಬ್ರಷ್‌ನಿಂದ ಎಳೆಯಬಹುದು. ಎಳೆದ ಜಾಗಕ್ಕೆ ಮತ್ತೆ ಬ್ರಷ್ ತರಬಾರದು, ಅಷ್ಟೇ. ತಮಿಯಾ ಟಿಎಸ್-13 ಸ್ಪ್ರೇ ಕ್ಯಾನ್ ಹೊಳಪು ಕನ್ನಡಿ ಥರ ಬರುತ್ತದೆ ನಿಜ, ಆದರೆ ಅದು ಬಹಳ ಕಟುವಾದ, ಕೆಳಗಿನದನ್ನು ಕರಗಿಸುವ ಲ್ಯಾಕರ್. ಡೀಕಲ್ ಮೇಲೆ ಒಮ್ಮೆಲೇ ದಪ್ಪಗೆ ಹೊಡೆದರೆ ಡೀಕಲ್ ಕರಗಿ ಸುರುಟಿಕೊಳ್ಳುತ್ತದೆ.

ನಿಮ್ಮ ಎರಡನೇ ಫೋಟೋದಲ್ಲಿ ಡೀಕಲ್ ಅಂಚಿಗೆ ಬಿಳಿ ಕಲೆ ಕಾಣುತ್ತಿದೆ. ಅದು ಸಿಲ್ವರಿಂಗ್ (ಗಾಳಿ ಸಿಕ್ಕಿ ಬೆಳ್ಳಗೆ ಹೊಳೆಯುವುದು) ಅಲ್ಲ, ನೀರಿನದು. ನೀವು ಯಲಹಂಕ ಕಡೆ ಅಂದಿರಿ, ಬೋರ್‌ವೆಲ್ ನೀರೇ ಇರಬೇಕು ಅಲ್ವಾ? ಆ ಗಡಸು ನೀರು ಆರಿದರೆ ಸುಣ್ಣ ಉಳಿಯುತ್ತದೆ, ಬಕೆಟ್ ಅಂಚಿನಲ್ಲಿ ದಿನಾ ನೋಡುತ್ತೀರಲ್ಲ. ಡೀಕಲ್ ನೆನೆಸಲು ಇನ್ವರ್ಟರ್ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಬಳಸಿ, ಒಂದು ಕ್ಯಾನ್ ವರ್ಷಗಟ್ಟಲೆ ಬರುತ್ತದೆ. ಈಗಿರುವ ಕಲೆಯನ್ನು ಅದೇ ನೀರಲ್ಲಿ ಹತ್ತಿ ಕಡ್ಡಿ ಅದ್ದಿ ಮೆಲ್ಲಗೆ ಒರೆಸಿ.

ಡೀಕಲ್ ಮೇಲೆ ಮತ್ತೊಂದು ತೆಳು ಗ್ಲಾಸಿ, ಆಮೇಲೆ ಪ್ಯಾನೆಲ್ ವಾಶ್ (ಗೆರೆಗಳು ಎದ್ದು ಕಾಣಲು ಇಳಿಸುವ ತೆಳು ಬಣ್ಣ), ಕೊನೆಗೆ ಮ್ಯಾಟ್. ತಮಿಯಾದ ಪ್ಯಾನೆಲ್ ಲೈನ್ ಅಕ್ಸೆಂಟ್ ಎನಾಮೆಲ್. ಅದು ಬರೀ ಪ್ಲಾಸ್ಟಿಕ್‌ಗೆ ಇಳಿದರೆ, ಬಿಗಿಯಾಗಿ ಕೂರಿಸಿದ ಜಾಗದಲ್ಲಿ ಪಟ್ ಅಂತ ಬಿರುಕು ಬಿಡುತ್ತದೆ. ಗುಂಡಮ್ ರೋಬಾಟ್ ಕಿಟ್ ಕಟ್ಟುವ ಹುಡುಗರನ್ನು ಕೇಳಿ, ಪ್ರತಿಯೊಬ್ಬರ ಹತ್ತಿರವೂ ಮುರಿದ ಮೊಣಕಾಲಿನ ಕಥೆ ಇದೆ.

ಮ್ಯಾಟ್ ಕೋಟನ್ನು ಮಾತ್ರ ಮಳೆ ದಿನ ಹೊಡೆಯಬೇಡಿ. ಲ್ಯಾಕರ್ ಆರುವಾಗ ತಣ್ಣಗಾಗಿ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ, ಮಾಡೆಲ್ ಪೂರ್ತಿ ಬೂದಿ ಬಳಿದಂತಾಗುತ್ತದೆ. ಬೆಂಗಳೂರಲ್ಲಿ ಜುಲೈ-ಆಗಸ್ಟ್‌ನಲ್ಲೂ ನಡುಮಧ್ಯಾಹ್ನ ಒಂದೆರಡು ಒಣ ಗಂಟೆ ಸಿಗುತ್ತವೆ. ಮಂಗಳೂರು, ಕಾರವಾರದವರಿಗೆ ಆ ಭಾಗ್ಯವೂ ಇಲ್ಲ, ಎಸಿ ರೂಮಿನಲ್ಲಿ ಒಣಗಿಸಿ ಅಥವಾ ವಾಟರ್ ಬೇಸ್ ಮ್ಯಾಟ್‌ಗೆ ಹೋಗಿ. ಬಿಳುಚಿಕೊಂಡರೆ ಉಜ್ಜಲು ಹೋಗಬೇಡಿ, ಒಣ ದಿನ ಬರೀ ಲೆವೆಲಿಂಗ್ ಥಿನ್ನರನ್ನು ತೆಳುವಾಗಿ ಮಂಜು ಹೊಡೆದರೆ ಬಹಳ ಸಲ ತಿಳಿಯಾಗುತ್ತದೆ. ಲ್ಯಾಕರ್ ಹೊಡೆಯುವಾಗ ಕಿಟಕಿ ತೆಗೆದು, ಕಾರ್ಬನ್ ಫಿಲ್ಟರ್ ಇರುವ ಮಾಸ್ಕ್ ಹಾಕಿ. ಕೊರೊನಾ ಕಾಲದ ಬಟ್ಟೆ ಮಾಸ್ಕ್ ಥಿನ್ನರ್ ವಾಸನೆಗೆ ಏನೂ ಮಾಡುವುದಿಲ್ಲ. ಮನೆಯಲ್ಲಿ ಮಗು ಇದೆ ಅಂದಿರಿ, ಆ ರೂಮಿಗೆ ಬಿಡಲೇಬೇಡಿ.

ಈಗ ಸ್ವಲ್ಪ ಬೈಯುತ್ತೇನೆ, ಬೇಜಾರಾಗಬೇಡಿ. ಕಿಟ್ ಫೋಟೋ ಹಿಂದೆ ನಿಮ್ಮ ಟೇಬಲ್ ಕಂಡಿತು. ವೆದರಿಂಗ್ ಪಿಗ್ಮೆಂಟ್ ಸೆಟ್ಟು, ಬ್ರಾಸ್ ಬ್ಯಾರೆಲ್, ಸೀಲ್ ಒಡೆಯದ ರೆಸಿನ್ ಕಾಕ್‌ಪಿಟ್ ಎರಡು. ಓದುವ ವಯಸ್ಸಲ್ಲಿ ದುಡ್ಡಿರಲಿಲ್ಲ, ಈಗ ಸಂಬಳ ಬರುತ್ತದೆ, ಹಳೇ ಆಸೆಯೆಲ್ಲ ಕಾರ್ಟಿಗೆ ಬೀಳುತ್ತದೆ. ನಮ್ಮಲ್ಲಿ ಎಲ್ಲರ ಕಥೆಯೂ ಅದೇ. ಆದರೆ 60 ರೂಪಾಯಿಯ ಕೆಲಸಕ್ಕೆ ಕಸ್ಟಮ್ಸ್ ಕಟ್ಟಿ ತರಿಸುವುದು ಯಾಕೆ? 800, 1000 ನಂಬರಿನ ವಾಟರ್ ಪೇಪರ್ (ಒದ್ದೆ ಮಾಡಿ ಉಜ್ಜುವ ಮರಳು ಕಾಗದ) ಹಾರ್ಡ್‌ವೇರ್ ಅಂಗಡಿಯಲ್ಲಿದೆ. ಉಗುರು ಹೊಳಪಿಸುವ ಬಫರ್ ಫ್ಯಾನ್ಸಿ ಸ್ಟೋರ್‌ನಲ್ಲಿದೆ. ಸ್ಪ್ರೂ ಕತ್ತರಿಸುವ ಕಟರ್ ಎಸ್‌ಪಿ ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಸಿಗುತ್ತದೆ, ಭಾಗದಿಂದ ಸ್ವಲ್ಪ ದೂರ ಬಿಟ್ಟು ಕತ್ತರಿಸಿ ಉಳಿದದ್ದನ್ನು ಉಜ್ಜಿ. ದುಡ್ಡು ಹಾಕಲೇಬೇಕಾದ್ದು ಮೂರೇ, ತಮಿಯಾ ಎಕ್ಸ್‌ಟ್ರಾ ಥಿನ್ ಸಿಮೆಂಟ್, ಒಳ್ಳೆಯ ಮಾಸ್ಕಿಂಗ್ ಟೇಪ್, ಮತ್ತೆ ಕಣ್ಣಿಗೆ ಒಂದು ಭೂತಗನ್ನಡಿ ಹೆಡ್‌ಬ್ಯಾಂಡ್. ನಲವತ್ತು ದಾಟಿದವರು ಮೂರನೆಯದನ್ನು ಮೊದಲು ತೆಗೆದುಕೊಳ್ಳಿ.

ಇನ್ನೊಂದು. ಕೆನೊಪಿ (ಕಾಕ್‌ಪಿಟ್ ಮೇಲಿನ ಪಾರದರ್ಶಕ ಮುಚ್ಚಳ) ಒಳಗೆ ಮಂಜು ಕವಿದಿದೆ ಅಂದಿರಲ್ಲ, ಸೂಪರ್ ಗ್ಲೂ ಹಾಕಿರುತ್ತೀರಿ. ಅದರ ಆವಿ ಗಾಜಿನ ಭಾಗವನ್ನು ಬೆಳ್ಳಗೆ ಮಾಡುತ್ತದೆ. ಅಲ್ಲಿಗೆ ಸಾದಾ ಫೆವಿಕಾಲ್ ಹಾಕಿ, ಒಣಗಿದರೆ ಪಾರದರ್ಶಕ, ಜಾಸ್ತಿಯಾದದ್ದನ್ನು ಒದ್ದೆ ಕಡ್ಡಿಯಿಂದ ಒರೆಸಬಹುದು. ಉಗುರು ಬಣ್ಣ ತೆಗೆಯುವ ಅಸಿಟೋನ್ ಹಚ್ಚಿ ಒರೆಸಲು ಹೋಗಬೇಡಿ, ಕೆನೊಪಿಯೇ ಕರಗುತ್ತದೆ. ಬಣ್ಣ ಮತ್ತು ಗ್ಲಾಸಿ ಪ್ರಯೋಗಕ್ಕೆ ಎಲ್ಲರೂ ಪ್ಲಾಸ್ಟಿಕ್ ಚಮಚ ಅನ್ನುತ್ತಾರೆ. 2022ರಿಂದ ಅದಕ್ಕೆ ನಿಷೇಧ, ಅಂಗಡಿಯಲ್ಲಿ ಕೇಳಿದರೆ ಮರದ ಚಮಚ ಕೊಡುತ್ತಾರೆ. ಅಟ್ಟದ ಮೇಲಿನ ಹಳೇ ಸಿಡಿ ಡಬ್ಬಗಳನ್ನು ಇಳಿಸಿ. ಕಿಟ್‌ನ ಹಾಗೆ ಅದೂ ಪಾಲಿಸ್ಟೈರೀನ್, ಥಿನ್ನರ್ ಎಷ್ಟು ಕಚ್ಚುತ್ತದೆ ಅಂತ ಅಲ್ಲೇ ಗೊತ್ತಾಗುತ್ತದೆ.

ಮುಂದಿನದು ಬೈಸನ್ (ನಮ್ಮ ವಾಯುಪಡೆಯ ನವೀಕರಿಸಿದ ಮಿಗ್-21) ಮಾಡಲಾ ಅಂತ ಕೇಳಿದಿರಿ. 2025ರ ಸೆಪ್ಟೆಂಬರ್ 26ಕ್ಕೆ ಚಂಡೀಗಢದಲ್ಲಿ ಮಿಗ್-21ಕ್ಕೆ ಬೀಳ್ಕೊಡುಗೆ ಆದಾಗಿನಿಂದ ಗುಂಪಿನ ತುಂಬ ಅದೇ. 1963ರಿಂದ ನಮ್ಮಲ್ಲಿ ಹಾರಿದ ವಿಮಾನ, ತಪ್ಪೇನಿಲ್ಲ. ಆದರೆ ನವೀಕರಣಕ್ಕೆ ಮುಂಚಿನ ಮಿಗ್-21 ಬಿಸ್ ಕಿಟ್ ತಂದು ಬೈಸನ್ ನಂಬರ್ ಅಂಟಿಸಿದರೆ ಇಲ್ಲಿಯ ಹಿರಿಯರು ಬಿಡುವುದಿಲ್ಲ, ಮುಂದಿನ ಗಾಜೇ ಬೇರೆ. ಬದಲಿಗೆ 1/72ರ ಯಾವುದಾದರೂ ಸಾದಾ ಏರ್‌ಫಿಕ್ಸ್ ತೆಗೆದುಕೊಂಡು ಈ ಗ್ಲಾಸಿ-ಡೀಕಲ್-ಮ್ಯಾಟ್ ಸಾಲನ್ನು ಒಂದು ಸಲ ಪೂರ್ತಿ ಮಾಡಿ. ಹೊಳೆಯುವ ವಿಮಾನದ ಮೇಲೆ ರೌಂಡೆಲ್ ಹೇಗೆ ಕೂರುತ್ತದೆ ಅಂತ ನೋಡಬೇಕಿದ್ದರೆ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂನಲ್ಲಿ ಮಾರುತ್ ಯುದ್ಧವಿಮಾನ ನಿಂತಿದೆ, ಎಚ್‌ಎಎಲ್ ಮ್ಯೂಸಿಯಂನಲ್ಲೂ ಒಂದಿದೆ. ಮಗುವನ್ನೂ ಕರೆದುಕೊಂಡು ಹೋಗಿ. ಬಣ್ಣದ ಶೇಡ್ ಮಾತ್ರ ಅದನ್ನು ನೋಡಿ ಬೆರೆಸಬೇಡಿ, ಮ್ಯೂಸಿಯಂನವರು ಆಗಾಗ ಹೊಸದಾಗಿ ಬಳಿಯುತ್ತಿರುತ್ತಾರೆ. ಸೂಜಿ ಕೆಲಸ ಆದ ಮೇಲೆ ಫೋಟೋ ಹಾಕಿ, ಫ್ಲ್ಯಾಶ್ ಇಲ್ಲದೆ, ಕಿಟಕಿ ಬೆಳಕಲ್ಲಿ ಓರೆಯಾಗಿ ತೆಗೆಯಿರಿ. ಆಗಲೇ ಉಳಿದ ಗಾಳಿ ಎಲ್ಲಿದೆ ಅಂತ ಹೇಳಲು ಬರುವುದು.