ಕೈಕೊಡುತ್ತಿರುವ ಹಾರ್ಡ್ ಡಿಸ್ಕ್‌ನಿಂದ ಮದುವೆ ಫೋಟೋ, ಅಪ್ಪನ ಬರಹ ಉಳಿಸಿಕೊಳ್ಳುವುದು ಹೇಗೆ?

ನೀವು ಕೇಳಿದ್ದು ಇಷ್ಟು: ಆರು ವರ್ಷ ಹಳೆಯ 1 ಟಿಬಿ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್. ಎರಡು ವಾರದಿಂದ ಒಂದೊಂದು ಫೋಲ್ಡರ್ ತೆರೆಯಲು ಹತ್ತು ನಿಮಿಷ ಬೇಕಾಗುತ್ತಿದೆ, ಕಾಪಿ ಅರ್ಧಕ್ಕೇ ನಿಲ್ಲುತ್ತದೆ. ನಿನ್ನೆಯಿಂದ ವಿಂಡೋಸ್ ‘ಫಾರ್ಮ್ಯಾಟ್ ಮಾಡಲೇ’ ಎಂದು ಕೇಳುತ್ತಿದೆ. ಒಳಗೆ ಮದುವೆ ಫೋಟೋಗಳಿವೆ, ನಿಮ್ಮ ತಂದೆಯವರು ನಿವೃತ್ತಿಯಾದ ಮೇಲೆ ‘ನುಡಿ’ ಎಂಬ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿದ ಊರಿನ ನೆನಪುಗಳಿವೆ. ಇನ್ನೊಂದು ಪ್ರತಿ ಎಲ್ಲೂ ಇಲ್ಲ, ಅವರಿಗೆ ವಿಷಯ ಇನ್ನೂ ಗೊತ್ತಿಲ್ಲ. ಬೆಂಗಳೂರಿನ ಎಸ್.ಪಿ. ರೋಡಿನ ಕಂಪ್ಯೂಟರ್ ಅಂಗಡಿಗಳಿಗೆ ಒಯ್ಯಲೇ, ಮನೆಯಲ್ಲೇ ಏನಾದರೂ ಮಾಡಬಹುದೇ?

ಈಗ ಡಿಸ್ಕ್ ಕಂಪ್ಯೂಟರಿಗೆ ಸಿಕ್ಕಿಸಿಯೇ ಇದ್ದರೆ ದಯವಿಟ್ಟು ತೆಗೆದುಬಿಡಿ. ಇದನ್ನು ಪೂರ್ತಿ ಓದುವವರೆಗೆ ಮತ್ತೆ ಸಿಕ್ಕಿಸಬೇಡಿ. ಫಾರ್ಮ್ಯಾಟ್ ಪ್ರಶ್ನೆಗೆ ಯಾವಾಗ ಬಂದರೂ ‘ಬೇಡ’ ಒತ್ತಿ.

ಇಷ್ಟು ಒತ್ತಿ ಹೇಳಲು ಕಾರಣವಿದೆ. 2016ರಲ್ಲಿ ನಮ್ಮ ಸೋದರಮಾವನ ಡಿಸ್ಕ್ ಹೀಗೆಯೇ ನಿಧಾನವಾಯಿತು. ಅದರಲ್ಲಿ ಅಜ್ಜಿ ಹಾಡಿದ ಹದಿನಾಲ್ಕು ಸೋಬಾನೆ ಪದಗಳಿದ್ದವು. ಮಾವನೇ ಫೋನಿನಲ್ಲಿ ರೆಕಾರ್ಡ್ ಮಾಡಿದ್ದು. ಅಜ್ಜಿ ಹೋಗಿ ಆಗಲೇ ಎರಡು ವರ್ಷ. ನಾನು ಒಂದು ಅಂಗಡಿಯಲ್ಲಿ ಕೇಳಿದೆ, ‘ಚೆಕ್‌ಡಿಸ್ಕ್ ಓಡಿಸಿ, ಸರಿಹೋಗುತ್ತದೆ’ ಎಂದರು. ವಿಂಡೋಸ್‌ನ ಜೊತೆಗೇ ಬರುವ ಡಿಸ್ಕ್ ತಪಾಸಣೆಯ ಸಾಧನ ಅದು. ರಾತ್ರಿಯಿಡೀ ಓಡಿಸಿದೆ. ಬೆಳಿಗ್ಗೆ ನೋಡಿದರೆ ಹಾಡಿನ ಫೋಲ್ಡರೇ ಇಲ್ಲ. ‘ಫೌಂಡ್.000’ ಎಂಬ ಹೊಸ ಫೋಲ್ಡರಿನಲ್ಲಿ ಹೆಸರಿಲ್ಲದ ತುಂಡುಗಳು ಬಿದ್ದಿದ್ದವು. ಹದಿನಾಲ್ಕರಲ್ಲಿ ಮೂರು ಹಾಡು ಮಾತ್ರ ಪೂರ್ತಿ ಕೇಳಿಸಿದವು. ಯಾಕೆ ಹೀಗಾಯಿತೆಂದು ಆಮೇಲೆ ಓದಿ ತಿಳಿದುಕೊಂಡೆ. ಚೆಕ್‌ಡಿಸ್ಕ್‌ನ ಕೆಲಸ ಫೈಲ್‌ಗಳ ಪಟ್ಟಿಯನ್ನು ಒಪ್ಪ ಮಾಡುವುದು, ನಿಮ್ಮ ಫೈಲ್ ಉಳಿಸುವುದಲ್ಲ. ಡಿಸ್ಕಿನಿಂದ ಓದಲಾಗದ ನಮೂದನ್ನು ಅದು ಕೆಟ್ಟ ನಮೂದು ಎಂದುಕೊಂಡು ಕಿತ್ತುಹಾಕುತ್ತದೆ, ಅದೂ ಅದೇ ಡಿಸ್ಕಿನ ಮೇಲೆ ಬರೆದು. ಸಾಫ್ಟ್‌ವೇರ್ ತೊಂದರೆಗೆ ಅದು ಮದ್ದಾಗಬಹುದು. ಡಿಸ್ಕೇ ಸವೆಯುತ್ತಿರುವಾಗ ಅದನ್ನು ಓಡಿಸಲೇಬಾರದು.

ನಿಮ್ಮ ಡಿಸ್ಕಿನೊಳಗೆ ಏನಾಗುತ್ತಿರಬಹುದು ಅಂದರೆ, ಕನ್ನಡಿಯಷ್ಟು ನುಣುಪಾದ ತಟ್ಟೆಗಳು ನಿಮಿಷಕ್ಕೆ ಸಾಮಾನ್ಯವಾಗಿ 5400 ಸುತ್ತು ತಿರುಗುತ್ತವೆ. ಓದುವ ಹೆಡ್ ತಟ್ಟೆಯನ್ನು ಮುಟ್ಟುವುದಿಲ್ಲ, ಕೆಲವೇ ನ್ಯಾನೋಮೀಟರ್ ಎತ್ತರದಲ್ಲಿ ಗಾಳಿಯ ಮೇಲೆ ತೇಲುತ್ತದೆ. ನಮ್ಮ ತಲೆಗೂದಲೊಂದರ ದಪ್ಪ ಸುಮಾರು 80,000 ನ್ಯಾನೋಮೀಟರ್. ಹೆಡ್ ಬಲಹೀನವಾದರೆ ಅಥವಾ ತಟ್ಟೆಯ ಒಂದು ಜಾಗ ಹಾಳಾದರೆ, ಡಿಸ್ಕ್ ಅದೇ ಜಾಗವನ್ನು ಮತ್ತೆ ಮತ್ತೆ ಓದಲು ಹೆಣಗುತ್ತದೆ. ನೀವು ಕಾಯುವ ಆ ಹತ್ತು ನಿಮಿಷ ಅದೇ. ಇತ್ತ ವಿಂಡೋಸ್ ಕೂಡ ಸುಮ್ಮನಿರದೆ ಫೋಟೋಗಳ ಪುಟಾಣಿ ಚಿತ್ರ ತಯಾರಿಸಲು ಹೋಗುತ್ತದೆ, ಆ್ಯಂಟಿವೈರಸ್ ಎಲ್ಲವನ್ನೂ ತಡಕುತ್ತದೆ. ಡಿಸ್ಕಿಗೆ ಉಳಿದಿರುವ ಆಯಸ್ಸು ಇದರಲ್ಲೇ ಕರಗುತ್ತದೆ. ಮೊದಲ ಪ್ರಯತ್ನಕ್ಕೆ ಸಿಗುವಷ್ಟು ಹತ್ತನೆಯ ಪ್ರಯತ್ನಕ್ಕೆ ಸಿಗುವುದಿಲ್ಲ.

ಸದ್ದು ಹೇಗಿದೆ ಎಂದು ನೀವು ಬರೆದಿಲ್ಲ. ಅದು ಬಹಳ ಮುಖ್ಯ. ಟಕ್, ಟಕ್, ಟಕ್ ಎಂದು ಒಂದೇ ಲಯದಲ್ಲಿ ಬಡಿದುಕೊಳ್ಳುತ್ತಿದ್ದರೆ, ಕರ್ರ್ ಎಂದು ಉಜ್ಜುವ ಸದ್ದಿದ್ದರೆ, ಅಥವಾ ತಿರುಗಲು ಶುರುವಾಗಿ ನಿಂತುಹೋಗುತ್ತಿದ್ದರೆ ಮನೆಯಲ್ಲಿ ಮಾಡುವಂಥದ್ದು ಏನೂ ಇಲ್ಲ. ಕೆಳಗಿನದನ್ನೆಲ್ಲ ಬಿಟ್ಟು ಅಂಗಡಿಯ ವಿಚಾರಕ್ಕೆ ಹೋಗಿ. ಫ್ರೀಜರ್‌ನಲ್ಲಿಟ್ಟು ತೆಗೆಯಿರಿ ಎಂದು ಯಾರಾದರೂ ಹೇಳೇ ಹೇಳುತ್ತಾರೆ, ಒಪ್ಪಬೇಡಿ. ಹೊರಗೆ ತಂದ ಕೂಡಲೇ ಒಳಗೆ ನೀರಿನ ಪಸೆ ಕಟ್ಟುತ್ತದೆ.

ಸದ್ದು ಮಾಮೂಲಿನಂತೆಯೇ ಇದ್ದರೆ ಮೊದಲು ಕೇಬಲ್ ಬದಲಿಸಿ. ಡೆಸ್ಕ್‌ಟಾಪ್ ಆದರೆ ಹಿಂಬದಿಯ ಪೋರ್ಟಿಗೆ ಹಾಕಿ. ಈ ಚಿಕ್ಕ ಡಿಸ್ಕ್‌ಗಳಿಗೆ ಕರೆಂಟ್ ಕೂಡ ಯುಎಸ್‌ಬಿಯಿಂದಲೇ ಬರಬೇಕು, ಉದ್ದದ ಕೇಬಲ್ ಅಥವಾ ಹಬ್ ಇದ್ದರೆ ಅದು ಸಾಲದೆ ಹೋಗಬಹುದು. ನಂತರ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ತಂತ್ರಾಂಶದಲ್ಲಿ ಒಂದೇ ಒಂದು ಸಲ ನೋಡಿ. 05, ಸಿ5, ಸಿ6 ಸಾಲುಗಳ ಕೊನೆಯಲ್ಲಿ ಸೊನ್ನೆ ಬಿಟ್ಟು ಬೇರೆ ಅಂಕಿ ಇದ್ದರೆ ತಟ್ಟೆಯ ಮೇಲೆ ಕೆಟ್ಟ ಸೆಕ್ಟರ್‌ಗಳಿವೆ (ಸೆಕ್ಟರ್ ಅಂದರೆ ದತ್ತಾಂಶ ಇಡುವ ಪುಟ್ಟ ಖಾನೆ) ಎಂದರ್ಥ. ಸಿ7 ಮಾತ್ರ ಏರುತ್ತಿದ್ದರೆ ಕೇಬಲ್ ಕಡೆಯ ದೋಷ ಇರಬಹುದು. ನಿಮ್ಮ ವಿವರಣೆ ನೋಡಿದರೆ ಸಿ5 ತುಂಬಿರುತ್ತದೆ ಎಂದೇ ನನಗನ್ನಿಸುತ್ತದೆ.

ಇಲ್ಲಿ ಎಲ್ಲರೂ ಮಾಡುವ ತಪ್ಪು ಫೋಲ್ಡರ್ ತೆರೆದು ಬೇಕಾದ್ದನ್ನು ಎಳೆದು ಕಾಪಿ ಮಾಡಲು ಹೋಗುವುದು. ಫೈಲ್‌ಗಳ ಯೋಚನೆಯನ್ನು ಸದ್ಯಕ್ಕೆ ಬಿಡಿ. ಇಡೀ ಡಿಸ್ಕನ್ನು, ಮೊದಲ ಸೆಕ್ಟರಿನಿಂದ ಕೊನೆಯದರವರೆಗೆ, ಇನ್ನೊಂದು ಒಳ್ಳೆಯ ಡಿಸ್ಕಿಗೆ ಇಮೇಜ್ ಆಗಿ, ಅಂದರೆ ಒಂದೇ ದೊಡ್ಡ ಫೈಲಿನಲ್ಲಿ ಯಥಾಪ್ರತಿಯಾಗಿ, ಇಳಿಸಿಕೊಳ್ಳಬೇಕು. ಇದಕ್ಕೆ ನಾನು ನಂಬುವುದು ಗ್ನೂ ಡಿಡಿರೆಸ್ಕ್ಯೂ ಎಂಬ ತಂತ್ರಾಂಶ. ಆಂಟೋನಿಯೋ ಡಿಯಾಜ್ ಡಿಯಾಜ್ ಬರೆದದ್ದು, ಪೂರ್ತಿ ಉಚಿತ. ಸಲೀಸಾಗಿ ಓದಲು ಬರುವ ಜಾಗಗಳನ್ನು ಅದು ಮೊದಲು ಬಾಚಿಕೊಳ್ಳುತ್ತದೆ. ತಡವರಿಸುವ ಜಾಗ ಬಂದರೆ ಅಲ್ಲಿ ಕೂತು ಒದ್ದಾಡದೆ ಹಾರಿ ಮುಂದೆ ಹೋಗುತ್ತದೆ. ಬಿಟ್ಟದ್ದು ಯಾವುದು, ಸಿಕ್ಕಿದ್ದು ಯಾವುದು ಎಂಬ ಲೆಕ್ಕವನ್ನು ಮ್ಯಾಪ್ ಫೈಲ್‌ನಲ್ಲಿ ಬರೆದಿಡುತ್ತದೆ. ಹಾಗಾಗಿ ನಡುವೆ ನಿಂತರೂ ಅದೇ ಆಜ್ಞೆ ಕೊಟ್ಟರೆ ಬಿಟ್ಟಲ್ಲಿಂದಲೇ ಮುಂದುವರಿಯುತ್ತದೆ. ಮ್ಯಾಪ್ ಫೈಲ್ ಹೆಸರು ಕೊಡಲು ಮರೆತರೆ ಈ ಅನುಕೂಲವೆಲ್ಲ ಹೋಯಿತು.

ಇದನ್ನು ಓಡಿಸಲು ಪೆನ್‌ಡ್ರೈವ್‌ಗೆ ಸಿಸ್ಟಮ್‌ರೆಸ್ಕ್ಯೂ ಎಂಬ ಲಿನಕ್ಸ್ ಹಾಕಿ, ವಿಂಡೋಸ್ ಬದಲು ಅದರಿಂದ ಲ್ಯಾಪ್‌ಟಾಪ್ ಬೂಟ್ ಮಾಡಿ. ಲಿನಕ್ಸ್ ಗೊತ್ತಿರುವ ಗೆಳೆಯರು ಯಾರಾದರೂ ಇದ್ದರೆ ಮೊದಲ ಅರ್ಧ ಗಂಟೆ ಜೊತೆಗೆ ಕೂರಿಸಿಕೊಳ್ಳಿ, ಈ ಊರಿನಲ್ಲಿ ಅಂಥವರಿಗೆ ಬರವಿಲ್ಲ. ಇಮೇಜ್ ಇಡಲು 2 ಟಿಬಿಯ ಹೊಸ ಡಿಸ್ಕ್ ತನ್ನಿ. ಇನ್ನೊಂದು 1 ಟಿಬಿ ಡಿಸ್ಕಿನಲ್ಲಿ 1 ಟಿಬಿಯ ಇಮೇಜ್ ಫೈಲ್ ಹಿಡಿಸುವುದಿಲ್ಲ. ಹೊಸ ಡಿಸ್ಕ್ ಎನ್‌ಟಿಎಫ್‌ಎಸ್ ಅಥವಾ ಎಕ್ಸ್‌ಫ್ಯಾಟ್ ಎಂಬ ಫಾರ್ಮ್ಯಾಟ್‌ನಲ್ಲಿರಲಿ, ಫ್ಯಾಟ್32ನಲ್ಲಿ 4 ಜಿಬಿ ಮೀರಿದ ಫೈಲ್ ನಿಲ್ಲುವುದಿಲ್ಲ. ಡಿಡಿರೆಸ್ಕ್ಯೂಗೆ ಮೊದಲು ಕೊಡುವ ಹೆಸರು ಹಳೆಯ ಡಿಸ್ಕಿನದು, ಎರಡನೆಯದು ಇಮೇಜ್ ಫೈಲ್, ಮೂರನೆಯದು ಮ್ಯಾಪ್ ಫೈಲ್. ಮೊದಲೆರಡು ಅದಲುಬದಲಾದರೆ ಉಳಿದಿದ್ದೂ ಅಳಿಸಿಹೋಗುವ ಅಪಾಯವಿದೆ. ಎಂಟರ್ ಒತ್ತುವ ಮುಂಚೆ ಡಿಸ್ಕಿನ ಗಾತ್ರ ಮತ್ತು ಮಾದರಿಯ ಹೆಸರನ್ನು ಎರಡು ಸಲ ತಾಳೆ ನೋಡಿ. ಮೊದಲ ಸುತ್ತಿಗೆ ಮೈನಸ್ ಎನ್ (-n, ಸಣ್ಣ ಅಕ್ಷರ) ಆಯ್ಕೆ ಸೇರಿಸಿದರೆ ಕೆಟ್ಟ ಜಾಗಗಳನ್ನು ಕೆರೆಯಲು ಹೋಗುವುದಿಲ್ಲ. ಅದು ಮುಗಿದ ಮೇಲೆ ಆ ಆಯ್ಕೆ ತೆಗೆದು, ಮೂರು ಮರುಪ್ರಯತ್ನ ಕೊಟ್ಟು ಮತ್ತೆ ಓಡಿಸಿ.

ಆರೋಗ್ಯವಾಗಿರುವ ಡಿಸ್ಕ್ ಸೆಕೆಂಡಿಗೆ 100 ಎಂಬಿ ಕೊಟ್ಟರೆ 1 ಟಿಬಿಗೆ ಸುಮಾರು ಮೂರು ಗಂಟೆ ಸಾಕು. ನಿಮ್ಮದಕ್ಕೆ ದಿನಗಳೇ ಹಿಡಿಯಬಹುದು, ಗಾಬರಿಯಾಗಬೇಡಿ. 2021ರಲ್ಲಿ ಸಹೋದ್ಯೋಗಿಯೊಬ್ಬರ ಡಿಸ್ಕನ್ನು ಹೀಗೆಯೇ ಇಳಿಸಿಕೊಂಡಾಗ ಮೂರು ಹಗಲು, ಮೂರು ರಾತ್ರಿ ಬೇಕಾಯಿತು. ಕೊನೆಗೆ ಸಿಗದೆ ಹೋದದ್ದು 40 ಎಂಬಿಯಷ್ಟು ಮಾತ್ರ. ಅವರ ಮಗಳ ಮೊದಲ ವರ್ಷದ ಫೋಟೋಗಳೆಲ್ಲ ಬಂದವು. ಕರೆಂಟ್ ಹೋಗುವ ಊರು ನಮ್ಮದು, ಬ್ಯಾಟರಿ ಚೆನ್ನಾಗಿರುವ ಲ್ಯಾಪ್‌ಟಾಪೇ ಬಳಸಿ. ಡಿಸ್ಕನ್ನು ಹಾಸಿಗೆಯ ಮೇಲಿಡದೆ ಗಟ್ಟಿ ಮೇಜಿನ ಮೇಲಿಟ್ಟು, ಫ್ಯಾನ್ ಗಾಳಿ ತಾಗುವಂತೆ ಮಾಡಿ. ನಡುವೆ ಟಕ್ ಟಕ್ ಶುರುವಾದರೆ ತಕ್ಷಣ ನಿಲ್ಲಿಸಿ.

ಇಮೇಜ್ ಕೈಗೆ ಬಂದ ಮೇಲೆ ಹಳೆಯ ಡಿಸ್ಕನ್ನು ಎತ್ತಿಟ್ಟುಬಿಡಿ. ಮುಂದಿನ ಪ್ರಯೋಗವೆಲ್ಲ ಇಮೇಜಿನ ಮೇಲೆ. ಹಳೆಯ ಡಿಸ್ಕ್ ಎನ್‌ಟಿಎಫ್‌ಎಸ್ ಆಗಿದ್ದರೆ ಎಷ್ಟೋ ಸಲ 7-ಜಿಪ್‌ನಲ್ಲೇ ತೆರೆದು ಫೈಲ್‌ಗಳನ್ನು ಹೊರಗೆಳೆಯಬಹುದು. ಆಗದಿದ್ದರೆ ಟೆಸ್ಟ್‌ಡಿಸ್ಕ್ ಎಂಬ ರಿಕವರಿ ತಂತ್ರಾಂಶ. ಅದಕ್ಕೂ ಬಗ್ಗದಿದ್ದರೆ ಮಾತ್ರ ಅದರ ಜೊತೆಗೇ ಬರುವ ಫೋಟೋರೆಕ್. ಫೈಲ್‌ಗಳ ಪಟ್ಟಿಯನ್ನೇ ನೋಡದೆ, ಪ್ರತಿ ಬಗೆಯ ಫೈಲಿನ ಗುರುತು ಹಿಡಿದು ಹೆಕ್ಕುವುದರಿಂದ ಫೋಟೋರೆಕ್‌ನಲ್ಲಿ ಹೆಸರು, ಫೋಲ್ಡರ್ ಎರಡೂ ಉಳಿಯುವುದಿಲ್ಲ. ಫೋಟೋಗಳ ಮಟ್ಟಿಗೆ ಚಿಂತೆ ಕಡಿಮೆ. ತೆಗೆದ ದಿನಾಂಕ ಫೋಟೋದ ಒಳಗೇ ಇರುತ್ತದೆ, ಎಕ್ಸಿಫ್‌ಟೂಲ್ ಎಂಬ ತಂತ್ರಾಂಶದಿಂದ ಅದರ ಪ್ರಕಾರ ಹೆಸರಿಟ್ಟು ಜೋಡಿಸಬಹುದು.

ತಂದೆಯವರ ಬರಹದ ವಿಷಯದಲ್ಲಿ ಮಾತ್ರ ತುಂಬ ಎಚ್ಚರ ಬೇಕು. ‘ನುಡಿ’, ‘ಬರಹ’ ತಂತ್ರಾಂಶಗಳಲ್ಲಿ ಹಳೆಯ ರೀತಿ ಟೈಪ್ ಮಾಡಿದ ಕಡತಗಳು ಯೂನಿಕೋಡ್‌ನಲ್ಲಿ, ಅಂದರೆ ಇಂದಿನ ಕಂಪ್ಯೂಟರ್‌ಗಳು ಬಳಸುವ ಅಕ್ಷರ ಸಂಕೇತದಲ್ಲಿ, ಇರುವುದಿಲ್ಲ. ಅಲ್ಲಿ ಕನ್ನಡದ ಅಕ್ಷರಭಾಗಗಳು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಜಾಗದಲ್ಲಿ ಕೂತಿರುತ್ತವೆ, ಫಾಂಟ್ ಇದ್ದರಷ್ಟೇ ಕನ್ನಡವಾಗಿ ಕಾಣುತ್ತವೆ. ಹೊಸ ಲ್ಯಾಪ್‌ಟಾಪಿನಲ್ಲಿ ತೆರೆದರೆ ಸೊಟ್ಟಸೊಟ್ಟ ಗುರುತುಗಳ ರಾಶಿ. ಹಾರ್ಡ್ ಡಿಸ್ಕ್ ಕೆಟ್ಟಿತ್ತು ಎಂಬುದು ತಲೆಯಲ್ಲಿದ್ದಾಗ ‘ಇದು ಹಾಳಾದ ಫೈಲ್’ ಎಂದು ಅಳಿಸುವುದು ಬಹಳ ಸುಲಭ. ಹಾಗೆ ಅಳಿಸಿ ಕಳೆದುಕೊಂಡವರನ್ನು ನೋಡಿದ್ದೇನೆ. ಹುಡುಕುವಾಗಲೂ ಇದೇ ತೊಡಕು, ‘ಊರು’ ಎಂದು ಯೂನಿಕೋಡ್‌ನಲ್ಲಿ ಹುಡುಕಿದರೆ ಒಂದು ಕಡತವೂ ಸಿಗುವುದಿಲ್ಲ. ಮೊದಲು ಕನ್ನಡ ಗಣಕ ಪರಿಷತ್ತಿನ ನುಡಿ ಫಾಂಟ್‌ಗಳನ್ನು ಹಾಕಿಕೊಂಡು, ಸಿಕ್ಕ ಪ್ರತಿಯೊಂದು ವರ್ಡ್ ಕಡತವನ್ನೂ ತೆರೆದು ನೋಡಿ. ಅಲ್ಲಿಯವರೆಗೆ ಒಂದನ್ನೂ ಅಳಿಸಬೇಡಿ.

ಇನ್ನು ಎಸ್.ಪಿ. ರೋಡ್. ಹೊಸ ಡಿಸ್ಕ್, ಒಳ್ಳೆಯ ಕೇಬಲ್‌ಗೆ ಧಾರಾಳವಾಗಿ ಹೋಗಿ. ರಿಕವರಿಗೆ ಕೊಡುವುದಾದರೆ, ಅಲ್ಲಾಗಲಿ ಬೇರೆಲ್ಲೇ ಆಗಲಿ, ನೇರವಾಗಿ ಕೇಳಿ: ಮೊದಲು ಇಮೇಜ್ ತೆಗೆಯುತ್ತೀರಾ? ಮುಚ್ಚಳ ಬಿಚ್ಚುವುದಾದರೆ ಧೂಳಿಲ್ಲದ ಕ್ಲೀನ್ ರೂಮ್ ಇದೆಯೇ? ನನ್ನನ್ನು ಕೇಳದೆ ಬಿಚ್ಚುವುದಿಲ್ಲ ಎಂದು ಬರೆದುಕೊಡುತ್ತೀರಾ? ‘ಇಲ್ಲೇ ಬಿಚ್ಚಿ ನೋಡೋಣ ಕೊಡಿ’ ಎಂದರೆ ಡಿಸ್ಕ್ ಹಿಡಿದುಕೊಂಡು ಹೊರಟುಬನ್ನಿ. ಹೆಡ್ ಎಷ್ಟು ಎತ್ತರದಲ್ಲಿ ತೇಲುತ್ತದೆ ಎಂದು ಮೇಲೆ ಹೇಳಿದೆನಲ್ಲ, ಆ ಅಂತರಕ್ಕೆ ರಸ್ತೆಯ ಒಂದು ಧೂಳಿನ ಕಣವೇ ಬಂಡೆ. ಡಿಸ್ಕಿನ ಸರ್ಕ್ಯೂಟ್ ಬೋರ್ಡ್ ಬದಲಿಸುತ್ತೇವೆ ಎಂದರೂ ತಡೆಯಿರಿ. ಆ ಡಿಸ್ಕಿಗೆ ಮಾತ್ರ ಹೊಂದುವ ಮಾಹಿತಿ ಹಳೆಯ ಬೋರ್ಡಿನ ಚಿಪ್‌ನಲ್ಲಿರುತ್ತದೆ, ಕೆಲವು ಮಾದರಿಗಳಲ್ಲಿ ದತ್ತಾಂಶದ ಗೂಢಲಿಪೀಕರಣವೂ ಆ ಬೋರ್ಡಿಗೇ ಅಂಟಿಕೊಂಡಿರುತ್ತದೆ. ಹಳೆಯ ಬೋರ್ಡ್ ಎಂದೂ ಕಳೆದುಹೋಗಬಾರದು.

ಬರಹಗಳು ಸಿಕ್ಕ ದಿನವೇ ಎರಡು ಬೇರೆ ಜಾಗಗಳಲ್ಲಿ ಪ್ರತಿ ಇಡಿ. ಆಮೇಲೆ ನಿಧಾನವಾಗಿ ಯೂನಿಕೋಡ್‌ಗೆ ಬದಲಿಸಿ, ಮೂಲ ಕಡತಗಳನ್ನು ಹಾಗೇ ಉಳಿಸಿಕೊಂಡು. ನಾನು ಬಳಸಿದ ಪರಿವರ್ತಕಗಳು ಅರ್ಕಾವೊತ್ತು ಇರುವ ಪದಗಳಲ್ಲಿ ಕೆಲವು ಕಡೆ ಎಡವಿದ್ದವು. ಆ ಪದಗಳನ್ನು, ಊರಿನ ಜನರ ಹೆಸರುಗಳನ್ನು ತಂದೆಯವರ ಜೊತೆ ಕೂತು ಗಟ್ಟಿಯಾಗಿ ಓದಿಸಿ ತಿದ್ದಿಕೊಳ್ಳಿ.