ಸೀಲ್ ಬಿಟ್ಕೊಂಡ್ರೆ ಮಷಿನ್ ಬೈಬೇಡಿ, ಕವರ್ ಬಾಯಿ ನೋಡಿ

ಅವರೆಕಾಯಿ ಸೀಸನ್ ಬಂತು ಅಂದ್ರೆ ನನ್ನ ಫೋನಿಗೆ ಒಂದೇ ಥರದ ಫೋಟೋ ಬರೋಕೆ ಶುರು. ಅಡುಗೆಮನೆ ಕಟ್ಟೆ ತುಂಬಾ ಸಾರು, ಮಧ್ಯದಲ್ಲಿ ವ್ಯಾಕ್ಯೂಮ್ ಸೀಲರ್ (ಕವರಿನ ಗಾಳಿ ಎಳೆದು ಬಾಯಿ ಅಂಟಿಸೋ ಮಷಿನ್), ಪಕ್ಕದಲ್ಲಿ ಅರ್ಧಂಬರ್ಧ ಸೀಲ್ ಆಗಿರೋ ಕವರ್, ಕೆಳಗೆ "ಮೇಡಂ, ಮಷಿನ್ ಕೆಟ್ಟಿದೆಯಾ?" ಅಂತ. ಕೆಟ್ಟಿಲ್ಲ. ಕೋಲಾರದಲ್ಲಿ ಉಪ್ಪಿನಕಾಯಿ, ಗೊಜ್ಜು, ಸಾರಿನ ಪುಡಿ ಪ್ಯಾಕ್ ಮಾಡಿ ಮಾರ್ತಾ, ಬೇರೆ ಹೆಣ್ಮಕ್ಕಳಿಗೂ ಹೇಳ್ಕೊಡ್ತಾ ಬಂದಿದೀನಿ. ನನ್ನ ಹತ್ರ "ಕೆಟ್ಟಿದೆ" ಅಂತ ಹೊತ್ಕೊಂಡು ಬಂದ ಮಷಿನ್‌ಗಳಲ್ಲಿ ಬಹಳಷ್ಟು ಒಣಬಟ್ಟೇಲಿ ಒರೆಸಿದ್ಮೇಲೆ ಸರಿಹೋದ್ವು. ಒಬ್ಬೊಬ್ರಿಗೂ ಉತ್ತರ ಟೈಪ್ ಮಾಡಿ ಮಾಡಿ ಸಾಕಾಗಿದೆ, ಅದಕ್ಕೇ ಇಲ್ಲಿ ಒಂದೇ ಸಲ ಬರೀತಿದೀನಿ. ಸ್ವಿಚ್ ಎಲ್ಲಿದೆ, ಯಾವ ಬಟನ್ ಒತ್ತೋದು ಅಂತೆಲ್ಲ ಕೇಳ್ಬೇಡಿ, ಡಬ್ಬದೊಳಗೆ ಪುಸ್ತಕ ಕೊಟ್ಟಿರ್ತಾರೆ.

ಪ್ರಶ್ನೆ: ಮಗ ಬೆಂಗಳೂರಲ್ಲಿ ಕೆಲಸದಲ್ಲಿದಾನೆ, ಹಿತಕಿದ ಬೇಳೆ ಸಾರು ಅಂದ್ರೆ ಪ್ರಾಣ. ಪ್ಯಾಕ್ ಮಾಡಿ ಕಳಿಸೋಣ ಅಂತ ಮಷಿನ್ ತಗೊಂಡೆ. ತುಂಬೋವಾಗ ಕವರ್ ಮಲಗಿಬಿಡುತ್ತೆ, ಬಾಯಿಗೆಲ್ಲ ಸಾರು ಮೆತ್ಕೊಳುತ್ತೆ, ಸೀಲ್ ಮಾಡೋವಾಗ ಸಾರು ಮಷಿನ್ ಒಳಗೇ ಹೋಗುತ್ತೆ. ಏನ್ ಮಾಡ್ಲಿ? (ಚಿಂತಾಮಣಿ)

ಅಮ್ಮಾ, ನೀವು ಕವರ್‌ನ ಎಡಗೈಲಿ ಹಿಡ್ಕೊಂಡು ಬಲಗೈಲಿ ಸೌಟು ಎತ್ತಿದೀರ, ನೋಡದೇನೇ ಹೇಳ್ತೀನಿ. ಕವರ್‌ಗೆ ಬೆನ್ನುಮೂಳೆ ಇಲ್ಲ, ಅದನ್ನ ಯಾರಾದ್ರೂ ನಿಲ್ಲಿಸ್ಬೇಕು. ನಿಮ್ಮನೆ ಅಟ್ಟದ ಮೇಲೆ ಅಜ್ಜಿ ಕಾಲದ ಸೇರು ಬಿದ್ದಿರುತ್ತಲ್ಲ, ಅಕ್ಕಿ ರಾಗಿ ಅಳೆಯೋದು, ಅದನ್ನ ಇಳಿಸಿ ತೊಳ್ಕೊಳಿ. ಕವರ್‌ನ ಅದರೊಳಗೆ ಇಳಿಬಿಟ್ಟು ಬಾಯಿನ ಮೂರಿಂಚಷ್ಟು ಹೊರಗೆ ಮಡಚಿ ಸೇರಿನ ಅಂಚಿನ ಮೇಲೆ ಟೋಪಿ ಥರ ಹಾಕಿ. ಇಷ್ಟೇ ಗುಟ್ಟು. ಈಗ ಸೌಟಿಂದ ಚೆಲ್ಲಿದ್ರೂ ಮಡಚಿದ ಅಂಚಿನ ಮೇಲೆ ಬೀಳುತ್ತೆ, ಸೀಲ್ ಆಗೋ ಒಳಭಾಗ ಆ ಅಂಚಿನ ಕೆಳಗೆ ಹೊರಗಡೆ ಇರುತ್ತಲ್ಲ ಅದಕ್ಕೆ... ಇಲ್ಲ ತಾಳಿ, ಇಲ್ಲೇ ಎಲ್ರೂ ತಪ್ಪು ತಿಳ್ಕೊಳೋದು. ಮಡಚಿದಾಗ ಕವರಿನ ಒಳಮೈನೇ ಹೊರಗೆ ಕಾಣೋದು, ಅಂದ್ರೆ ಸೇರಿನ ಹೊರಗಡೆ ಪಕ್ಕಕ್ಕೆ ಇಳಿಬಿದ್ದಿರೋದೇ ಸೀಲ್ ಆಗೋ ಜಾಗ. ಅದರ ಮೇಲೆ ಹನಿ ಇಳಿದ್ರೆ ಮುಗೀತು. ಅದಕ್ಕೇ ಮಡಚಿದ್ಮೇಲೂ ಅಗಲ ಬಾಯಿನ ಆಲಿಕೆ ಇಡ್ಬೇಕು, ಆಲಿಕೆ ಮೂತಿ ಮಡಚಿದ ಅಂಚಿಗಿಂತ ಕೆಳಗೆ ಹೋಗಿರ್ಬೇಕು. ಎಣ್ಣೆ ಹಾಕೋ ಆಲಿಕೆ ಸಾಲಲ್ಲ, ಬೇಳೆ ಸಿಕ್ಕಾಕೊಳುತ್ತೆ, ಸಿಕ್ಕಾಕೊಂಡಿದ್ದನ್ನ ನೀವು ಸ್ಪೂನಲ್ಲಿ ತಿವೀತೀರ, ಆಮೇಲೆ ಮತ್ತೆ ಫೋಟೋ ಕಳಿಸ್ತೀರ. ಮೂತಿ ಎರಡಿಂಚಾದ್ರೂ ಇರ್ಬೇಕು. ಸಿಗಲಿಲ್ವಾ, ನೀರಿನ ಬಾಟಲಿ ಭುಜದವರೆಗೆ ಕತ್ತರಿಸಿ ಅಂತ ಹೇಳೋರಿದಾರೆ, ಅದರ ಮೂತಿ ಒಂದಿಂಚೂ ಇರಲ್ಲ, ಬೇಡ.

ಸೇರಿನ ಬಾಯಿಗೆ ನಿಮ್ಮ ಕವರ್ ಹಿಡಿಸುತ್ತಾ ಅನ್ನೋದಕ್ಕೆ ಸಣ್ಣ ಲೆಕ್ಕ ಇದೆ. ಕವರ್ ಅಗಲ 20 ಸೆಂಟಿಮೀಟರ್ ಅಂದ್ರೆ ಬಾಯಿ ಸುತ್ತಳತೆ 40, ದುಂಡಗೆ ಬಿಡಿಸಿದ್ರೆ ಅಡ್ಡಗಲ 12-13 ಸೆಂಟಿಮೀಟರ್ ಬರುತ್ತೆ. ಪಾತ್ರೆ ಬಾಯಿ ಅದಕ್ಕಿಂತ ಒಂದು ಬೆರಳು ಸಣ್ಣದಿರ್ಬೇಕು. ದೊಡ್ಡದಕ್ಕೆ ಎಳೆದು ಎಳೆದು ಹಾಕಿದ್ರೆ ಕವರ್ ಪಕ್ಕ ಹರಿಯುತ್ತೆ. ತುಂಬಿದ್ಮೇಲೆ ಮೇಲುಗಡೆ ಮೂರಿಂಚು ಖಾಲಿ ಬಿಡ್ಬೇಕು. ಕವರ್ ರೋಲ್ ದುಬಾರಿ ಅಂತ ಒಂದೊಂದಿಂಚಿಗೂ ಜಿಪುಣತನ ಮಾಡ್ತೀರಲ್ಲ, ಅಲ್ಲೇ ಸಾರು ಮಷಿನ್ ಒಳಗೆ ಹೋಗೋದು.

ಇನ್ನು ನಿಮ್ಮ ಪ್ರಶ್ನೆಯ ಎರಡನೇ ಭಾಗ. ಮನೇಲಿಟ್ಕೊಳೋ ಮಷಿನ್ ಗಾಳಿ ಎಳೆಯೋದು ಕವರ್ ಬಾಯಿಂದ. ಸ್ಟ್ರಾ ಬಾಯಲ್ಲಿಟ್ಟು ಎಳೆದಂಗೆ. ಗಾಳಿ ಮುಗಿದ್ಮೇಲೆ ಮುಂದೆ ಬರೋದು ಸಾರೇ ತಾನೇ? ಅದೂ ಬಿಸಿ ಬಿಸಿ ತುಂಬಿದ್ರೆ ಇನ್ನೂ ಗ್ರಹಚಾರ. ಗಾಳಿ ಒತ್ತಡ ಕಮ್ಮಿ ಆದಂಗೆ ನೀರು ಕಮ್ಮಿ ಶಾಖಕ್ಕೇ ಕುದಿಯುತ್ತೆ, 1478 ಮೀಟರ್ ಎತ್ತರದ ನಂದಿ ಬೆಟ್ಟದ ಮೇಲೇ ಸುಮಾರು 95 ಡಿಗ್ರಿಗೆ ಕುದಿಯುತ್ತೆ, ಇನ್ನು ಪಂಪು ಎಳೀತಿರೋ ಕವರೊಳಗೆ ಕೇಳ್ಬೇಕಾ. ನೀವು ಇಳಿಸಿಟ್ಟ ಸಾರು ಅಲ್ಲಿ ಮತ್ತೆ ಉಕ್ಕುತ್ತೆ. ನೊರೆ ಬಂದು ಬಾಯೆಲ್ಲ ಒದ್ದೆ. ಸಾರಲ್ಲಿ ಎಣ್ಣೆ ಇರುತ್ತೆ, ಒರೆಸಿದ್ರೆ ಪಸೆ ಹರಡುತ್ತೆ ಅಷ್ಟೇ, ಹೋಗಲ್ಲ, ಆ ಪಸೆ ಮೇಲೆ ಪ್ಲಾಸ್ಟಿಕ್ ಅಂಟಲ್ಲ. ಮೇಲೆ ನೋಡೋಕೆ ಅಂಟಿದಂಗಿರುತ್ತೆ, ಹೊಸಕೋಟೆ ದಾಟೋ ಹೊತ್ತಿಗೆ ಬ್ಯಾಗ್ ತುಂಬಾ ಸಾರು.

ಹಂಗಾಗಿ ನಾನು ಸಾರನ್ನ ಸಾರಾಗಿ ತುಂಬೋದೇ ಇಲ್ಲ. ಒಲೆಯಿಂದ ಇಳಿಸಿ, ಅಗಲ ಪಾತ್ರೆಗೆ ಬಗ್ಗಿಸಿ ಆರಿಸಿ, ಎರಡು ಗಂಟೆ ಒಳಗೆ ಫ್ರಿಜ್ಜಿಗೆ. ತಣ್ಣಗಾದ್ಮೇಲೆ ಚೌಕದ ಟಿಫನ್ ಡಬ್ಬಿಗೆ ಮುಕ್ಕಾಲು ಹಾಕಿ ಫ್ರೀಜರ್‌ನಲ್ಲಿಡಿ. ಮುಕ್ಕಾಲೇ, ಯಾಕಂದ್ರೆ ನೀರು ಗಟ್ಟಿಯಾದ್ರೆ ನೂರಕ್ಕೆ ಒಂಬತ್ತು ಪಾಲು ಉಬ್ಬುತ್ತೆ. ಬೆಳಿಗ್ಗೆ ಡಬ್ಬಿ ತಳಕ್ಕೆ ಅರ್ಧ ನಿಮಿಷ ನಲ್ಲಿ ನೀರು ಬಿಟ್ರೆ ಸಾರು ಇಟ್ಟಿಗೆ ಥರ ಜಾರುತ್ತೆ. ಬೇಗ ಬೇಗ ಒಣಬಟ್ಟೇಲಿ ಒರೆಸಿ ಕವರೊಳಗೆ ಇಳಿಸಿ ಸೀಲ್ ಹೊಡೀರಿ, ಅದರ ಪಕ್ಕ ಅರ್ಧ ಇಂಚು ಬಿಟ್ಟು ಇನ್ನೊಂದು ಸೀಲ್. ಇದಕ್ಕೆ ಸೇರೂ ಬೇಡ ಆಲಿಕೆನೂ ಬೇಡ. ಥರ್ಮಾಕೋಲ್ ಡಬ್ಬದಲ್ಲಿಟ್ಟು ಕಳಿಸಿ, ಮಗನಿಗೆ ಹೇಳಿ, ರೂಮಿಗೆ ಹೋದ ತಕ್ಷಣ ಫ್ರೀಜರ್‌ಗೆ, ಟೇಬಲ್ ಮೇಲೆ ಬಿಟ್ಟು ಮಲಗೋದಲ್ಲ.

ಗಟ್ಟಿ ಗೊಜ್ಜು, ರುಬ್ಬಿದ ಮಸಾಲೆಗೆ ಬೇರೆ ದಾರಿ. ತೊಳೆದು ಒಣಗಿಸಿದ ಹಾಲಿನ ಕವರ್‌ಗೆ ತುಂಬಿ, ಮೂಲೆ ಕತ್ತರಿಸಿ, ಮೆಹಂದಿ ಕೋನ್ ಹಿಸುಕಿದಂಗೆ ದೊಡ್ಡ ಕವರಿನ ತಳಕ್ಕೇ ಹಿಸುಕಿ. ಬಾಯಿ ಮುಟ್ಟೋದೇ ಇಲ್ಲ. ಆಮೇಲೆ ಮಷಿನ್‌ನ ಕಟ್ಟೆ ಅಂಚಿಗೆ ತಂದು ಕವರ್‌ನ ಕೆಳಗೆ ಇಳಿಬಿಟ್ಟು ಸೀಲ್ ಮಾಡಿ, ಗೊಜ್ಜು ಮೇಲೆ ಹತ್ತೋದು ಕಂಡ ತಕ್ಷಣ ಎಳೆಯೋದು ನಿಲ್ಲಿಸಿ ಸೀಲ್ ಬಟನ್ ಒತ್ತಿ. ಒಂಚೂರು ಗಾಳಿ ಉಳಿದ್ರೆ ಏನೂ ಮುಳುಗಿಹೋಗಲ್ಲ.

ಪ್ರಶ್ನೆ: ಸಾರಿನ ಪುಡಿ, ಹುರಿಹಿಟ್ಟು ಸೀಲ್ ಮಾಡೋವಾಗ ಪುಡಿ ಮೇಲೆ ಏಳುತ್ತೆ. (ಗೌರಿಬಿದನೂರು)

ಪುಡಿ ಮೇಲೆ ಟಿಶ್ಯೂ ಪೇಪರ್ ಮಡಚಿ ಇಡಿ, ಗಾಳಿ ಹೋಗುತ್ತೆ, ಪುಡಿ ನಿಲ್ಲುತ್ತೆ. ನಾನು ಶುರುವಿನಲ್ಲಿ ಇದನ್ನ ಮಾಡದೆ ಎರಡು ಕೆಜಿ ಖಾರದಪುಡಿ ಸೀಲ್ ಮಾಡೋಕೆ ಹೋಗಿ, ಪಂಪು ಅದನ್ನ ಎಳೆದು ಹಿಂದಿಂದ ಊದಿ, ಮನೆಯವರೆಲ್ಲ ಬೀದೀಲಿ ನಿಂತು ಕೆಮ್ಮಿದ್ವಿ.

ಪ್ರಶ್ನೆ: ಮಾಮೂಲಿ ನುಣುಪು ಪ್ಲಾಸ್ಟಿಕ್ ಕವರ್ ಆಗಲ್ವಾ? (ಮಾಲೂರು)

ಆಗಲ್ಲ. ಒಳಗಡೆ ಗೆರೆಗೆರೆ ಇರೋದೇ ಬೇಕು, ಗಾಳಿ ಹೊರಗೆ ಬರೋದು ಆ ಸಂದೀಲೇ.

ಪ್ರಶ್ನೆ: ಗಾಳಿನೇ ಇಲ್ಲ ಅಂದ್ಮೇಲೆ ಕ್ರಿಮಿ ಬದುಕಲ್ಲ, ಸಾರು ಹೊರಗಿಟ್ರೂ ಮೂರು ತಿಂಗಳು ಇರುತ್ತೆ ಅಂತ ವಿಡಿಯೋದಲ್ಲಿ ಹೇಳಿದ್ರು. ಅಂಗಡೀಲಿ ಸಿಗೋ ಸಾಂಬಾರ್ ಪ್ಯಾಕೆಟ್ ಇರುತ್ತಲ್ಲ? (ಶ್ರೀನಿವಾಸಪುರ)

ಆ ವಿಡಿಯೋ ಮಾಡಿದೋನಿಗೆ ಮೊದಲು ಆ ಸಾರು ಕುಡಿಸ್ಬೇಕು. ಗಾಳಿ ಇಲ್ಲದ ಕಡೇನೇ ಬೆಳೆಯೋ ಕ್ರಿಮಿ ಇದೆ, ಕ್ಲಾಸ್ಟ್ರಿಡಿಯಂ ಬೊಟುಲಿನಮ್ ಅಂತ. 1895ರಲ್ಲಿ ಬೆಲ್ಜಿಯಂನ ಒಂದು ಹಳ್ಳೀಲಿ ಸಾವಿನ ಮನೆಗೆ ವಾದ್ಯ ನುಡಿಸೋಕೆ ಬಂದೋರು ಉಪ್ಪು ಹಾಕಿಟ್ಟ ಹಂದಿಮಾಂಸ ತಿಂದು ಮೂರು ಜನ ಹೋದ್ರು, ಎಮಿಲ್ ವಾನ್ ಎರ್ಮೆಂಗೆಮ್ ಅನ್ನೋರು ಆ ಮಾಂಸದಲ್ಲೇ ಇದನ್ನ ಪತ್ತೆ ಮಾಡಿದ್ದು. ಇದರ ಬೀಜಕಣ 100 ಡಿಗ್ರೀಲಿ ಕುದಿಸಿದ್ರೂ ಸಾಯಲ್ಲ. ವಿಷ ಆಗಿದ್ರೂ ವಾಸನೆ ಬಂದೇ ಬರುತ್ತೆ ಅಂತಿಲ್ಲ, ಮೂಸಿ ನೋಡಿದೆ ಸರಿ ಇತ್ತು ಅಂತ ನನಗೆ ಹೇಳ್ಬೇಡಿ. ಅಂಗಡಿ ಪ್ಯಾಕೆಟ್‌ನ ಸೀಲ್ ಮಾಡಿದ್ಮೇಲೆ ಒತ್ತಡದಲ್ಲಿ 121 ಡಿಗ್ರಿ ಆಸುಪಾಸಿಗೆ ಕಾಯಿಸಿರ್ತಾರೆ, ಅದಕ್ಕೇ ಹೊರಗಿದ್ರೂ ನಡೆಯುತ್ತೆ, ನಿಮ್ಮ ಮಷಿನ್ ಬರೀ ಗಾಳಿ ತೆಗೆಯುತ್ತೆ. ಉಪ್ಪಿನಕಾಯಿ ಕತೆ ಬೇರೆ, ಅಲ್ಲಿ ಹುಳಿ ಇದೆ, ಉಪ್ಪಿದೆ, ಪಿಎಚ್ (ಹುಳಿ ಅಳತೆ, ಕಮ್ಮಿ ಇದ್ದಷ್ಟೂ ಹುಳಿ ಜಾಸ್ತಿ) 4.6ಕ್ಕಿಂತ ಕೆಳಗಿದ್ರೆ ಈ ಕ್ರಿಮಿ ಬೆಳೆಯಲ್ಲ. ಬೇಳೆ ಸಾರು, ಮಾಂಸದ ಸಾರು, ಬೇಯಿಸಿದ ಕಾಳು, ಯಾವುದೇ ಆಗ್ಲಿ ಫ್ರೀಜರ್, ಮೈನಸ್ 18. ಎಣ್ಣೇಲಿ ಹಸಿ ಬೆಳ್ಳುಳ್ಳಿ ಹಾಕಿರೋದನ್ನ ನಾನು ಸೀಲ್ ಮಾಡೋದೇ ಇಲ್ಲ, ಯಾರು ಎಷ್ಟು ದುಡ್ಡು ಕೊಡ್ತೀನಿ ಅಂದ್ರೂ. ಜಾಸ್ತಿ ಹೆದರ್ತೀನಿ ಅಂತ ನಗ್ತಾರೆ, ನಗ್ಲಿ.

ಪ್ರಶ್ನೆ: ಹಸಿ ಅವರೆಕಾಳು ಸೀಲ್ ಮಾಡಿದ್ರೆ ಕವರ್ ಊದ್ಕೊಳುತ್ತೆ. (ಶಿಡ್ಲಘಟ್ಟ)

ಹಸಿಕಾಳು ಉಸಿರಾಡುತ್ತೆ, ಊದದೇ ಇನ್ನೇನು. ಕುದಿಯೋ ನೀರಲ್ಲಿ ಎರಡು ಮೂರು ನಿಮಿಷ ಹಾಕಿ ತೆಗೆದು, ತಣ್ಣೀರಿಗೆ ಹಾಕಿ, ಬಟ್ಟೆ ಮೇಲೆ ಪೂರ್ತಿ ಆರಿಸಿ, ತಟ್ಟೇಲಿ ಹರಡಿ ಫ್ರೀಜರ್‌ನಲ್ಲಿ ಗಟ್ಟಿ ಮಾಡ್ಕೊಂಡು ಆಮೇಲೆ ತುಂಬಿ, ಗೋಲಿ ಥರ ಉರುಳ್ಕೊಂಡು ಬೀಳುತ್ತೆ. ಊದಿರೋ ಕವರ್ ಎಸೀರಿ.

ಪ್ರಶ್ನೆ: ಮಟನ್ ಹಾಕಿದ್ದ ಕವರ್ ತೊಳೆದು ಮತ್ತೆ ಬಳಸ್ಬೋದಾ? (ಬಂಗಾರಪೇಟೆ)

ಬೇಡ.

ಪ್ರಶ್ನೆ: ಮಷಿನ್ ಇಲ್ಲದೆ ಸ್ಟ್ರಾ ಇಟ್ಟು ಬಾಯಲ್ಲಿ ಗಾಳಿ ಎಳೆದು, ಕೂದಲು ನೆಟ್ಟಗೆ ಮಾಡೋ ಮಷಿನ್‌ನಲ್ಲಿ ಅಂಟಿಸಿದ್ರೆ? (ಮುಳಬಾಗಿಲು)

ನಿಮ್ಮ ಎಂಜಲು ಒಳಗೆ ಹೋಗುತ್ತೆ, ಕೂದಲಿನ ಎಣ್ಣೆ ಸೀಲ್‌ಗೆ ಮೆತ್ಕೊಳುತ್ತೆ, ಅದನ್ನ ಯಾರಿಗೆ ತಿನ್ನಿಸ್ಬೇಕು ಅಂತಿದೀರೋ ಅವರ ವಿಳಾಸ ಕೊಡಿ, ಮೊದಲೇ ಫೋನ್ ಮಾಡಿ ಹೇಳ್ಬಿಡ್ತೀನಿ.